ಖಾಕಿ ಕಳಚಿ ಅಗ್ಬಾಡ ತೊಟ್ಟವರು

ಲಾಗೋಸಿನ ಒನಿಕಾನ್ ಬಡಾವಣೆಯಲ್ಲಿ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಎರಡು ಸಾವಿರ ವರ್ಷ ಹಳೆಯ ನೋಕ್ ಮಣ್ಣಿನ ಶಿರಗಳು, ಬೆನಿನ್ ಅರಮನೆಯ ಕಂಚಿನ ಕೆಲಸ ಎಲ್ಲವೂ ಅಲ್ಲಿವೆ. ನಾನು ಹೋದ ದಿನ ಜನ ಮುತ್ತಿಕೊಂಡಿದ್ದದ್ದು ಮಾತ್ರ ಒಂದು ಕಾರನ್ನು. ಕಪ್ಪು ಮರ್ಸಿಡಿಸ್ ಬೆಂಜ್, ಮೈತುಂಬ ಗುಂಡು ತೂರಿದ ತೂತುಗಳು. 1976ರ ಫೆಬ್ರವರಿ 13ರ ಬೆಳಿಗ್ಗೆ ನೈಜೀರಿಯಾದ ಮುಖ್ಯಸ್ಥ ಜನರಲ್ ಮುರ್ತಾಲ ಮುಹಮ್ಮದ್ ಇದೇ ಕಾರಿನಲ್ಲಿ ಕಚೇರಿಗೆ ಹೊರಟಿದ್ದರು. ಬೆಂಗಾವಲಿನ ಪಡೆ ಇರಲಿಲ್ಲ. ವಾಹನಗಳ ನಡುವೆ ಎಲ್ಲರಂತೆ ಸಿಕ್ಕಿಕೊಂಡು ನಿಂತಿದ್ದಾಗ ಅವರದೇ ಸೈನ್ಯದವರು ಬಂದು ಗುಂಡಿನ ಮಳೆಗರೆದರು.

ನನ್ನ ಜೊತೆ ಬಂದಿದ್ದವರು ನಮ್ಮ ಕಂಪನಿಯ ಚಾಲಕರು. ಹಿರಿಯರು, ಹಾಗಾಗಿ ನಾವೆಲ್ಲ ಅವರನ್ನು ಬಾಬಾ ಎನ್ನುತ್ತಿದ್ದೆವು. ಅವರು ನಮ್ಮನ್ನು ಓಗಾ ಎನ್ನುತ್ತಿದ್ದರು, ಅಂದರೆ ಯಜಮಾನ. ಕಾರನ್ನು ಒಂದು ಸುತ್ತು ಹಾಕಿ, ಚಾಲಕರಿಗೆ ಸಹಜವಾದ ಕುತೂಹಲದಿಂದ ಬಗ್ಗಿ ಟೈರು ನೋಡಿ, ಬಾಬಾ ಹೇಳಿದರು: "ಟ್ರಾಫಿಕ್ಕಿನಲ್ಲಿ ನಮ್ಮಂತೆ ನಿಂತ ದೊಡ್ಡ ಮನುಷ್ಯ ಇವನೊಬ್ಬನೇ ಓಗಾ. ಅದಕ್ಕೇ ಸತ್ತ."

ಈ ಮಾತು ಮತ್ತೆ ನೆನಪಾದದ್ದು ಕಳೆದ ವಾರ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಸೇನಾ ದಂಗೆಯೆದ್ದು ಅಧಿಕಾರ ಹಿಡಿದ ಯುವ ಕ್ಯಾಪ್ಟನ್ ಇಬ್ರಾಹಿಂ ತ್ರವೊರೆಯ ವಿಡಿಯೊಗಳು ಈಗ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬರತೊಡಗಿವೆ. ಕೆಂಪು ಟೋಪಿ, ಸೊಂಟದಲ್ಲಿ ಪಿಸ್ತೂಲು, ಹಿನ್ನೆಲೆಯಲ್ಲಿ ಯಾವುದೋ ಸಿನಿಮಾದ ಡೋಲು. ಕೆಳಗೆ ನಮ್ಮವರದೇ ಉದ್ಗಾರ: "ಆಳಿದರೆ ಹೀಗೆ ಆಳಬೇಕು." ಗುಂಪಿನಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಆದರೆ ಲಾಗೋಸಿನಲ್ಲಿ ನಾಲ್ಕು ವರ್ಷ ಲೆಕ್ಕಪತ್ರ ಬರೆದವನು ನಾನು. ಆ ಉದ್ಗಾರದ ಬಾಕಿಯನ್ನು ಯಾರು ತೀರಿಸುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮೆಯಿರಲಿ.

ನಮ್ಮ ಪತ್ರಿಕೆಗಳು ಇಂಥದ್ದಕ್ಕೆ ಕ್ಷಿಪ್ರಕ್ರಾಂತಿ ಎಂಬ ಪದ ಬಳಸುತ್ತವೆ. ಕ್ಷಿಪ್ರವೇನೋ ಹೌದು. ಕ್ರಾಂತಿ ಎಲ್ಲಿ ಎಂದು ಕೇಳಬೇಕಾದವರು ನೈಜೀರಿಯಾದವರು. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ. ಅಲ್ಲಿಂದ 1999ರ ಮೇ 29ರವರೆಗಿನ ಸುಮಾರು 39 ವರ್ಷಗಳಲ್ಲಿ ಹತ್ತಿರಹತ್ತಿರ 29 ವರ್ಷ ಬಂದೂಕಿನವರದೇ ಆಡಳಿತ. ಬೆಳಗಿನ ಜಾವ ರೇಡಿಯೊದಲ್ಲಿ ವಾರ್ತೆಯ ಬದಲು ಸೈನ್ಯದ ಬ್ಯಾಂಡ್ ಸಂಗೀತ ಬಂತೆಂದರೆ ಸಾಕು, ಹೆಂಗಸರು ಅಕ್ಕಿ, ಗೆಣಸು ತರಲು ಮಾರುಕಟ್ಟೆಗೆ ಓಡುತ್ತಿದ್ದರು ಎಂದು ಬಾಬಾ ಹೇಳುತ್ತಿದ್ದರು. ಆಮೇಲೆ ಒಂದು ಗಡಸು ದನಿ "ನೈಜೀರಿಯಾದ ಬಂಧುಗಳೇ" ಎಂದು ಶುರುಮಾಡುತ್ತಿತ್ತು.

ಮೊದಲ ಸಲ ಆ ದನಿ ಕೇಳಿದ್ದು 1966ರ ಜನವರಿ 15ರಂದು. ಅದಕ್ಕೆ ಮುಂಚಿನ ಎರಡು ವರ್ಷ ರಾಜಕಾರಣಿಗಳು ಮಾಡಿದ್ದು ಕಡಿಮೆಯೇನಲ್ಲ. 1965ರಲ್ಲಿ ಪಶ್ಚಿಮ ಪ್ರಾಂತ್ಯದ ಚುನಾವಣೆಯನ್ನು ಹಾಡಹಗಲೇ ಕದ್ದರು. ವಿರೋಧಿಗಳ ಮನೆಗೆ, ಕಾರಿಗೆ, ಕೊನೆಗೆ ಮೈಗೇ ಪೆಟ್ರೋಲ್ ಸುರಿದು ಬೆಂಕಿ ಹಚ್ಚುವುದು ನಡೆಯಿತು. ಅದಕ್ಕೆ "ವೆಟಿಯೆ" ಎಂಬ ಹೆಸರೇ ಹುಟ್ಟಿಕೊಂಡಿತು, ಒದ್ದೆ ಮಾಡು ಎಂದು ಅದರ ಅರ್ಥ. ಹಾಗಾಗಿ ಕಡುನಾ ರೇಡಿಯೊದಲ್ಲಿ 28 ವರ್ಷದ ಮೇಜರ್ ನ್ಜೆಯೊಗ್ವು ಬಂದು, ಲಂಚಕೋರರು, ಪ್ರತಿಯೊಂದಕ್ಕೂ ಶೇಕಡಾ ಹತ್ತು ಕೇಳುವವರು ನಮ್ಮ ಶತ್ರುಗಳು ಎಂದಾಗ ಜನ ಬೀದಿಯಲ್ಲಿ ಕುಣಿದರು. (ಶೇಕಡಾ ಹತ್ತು! ಕರ್ನಾಟಕದ ಗುತ್ತಿಗೆದಾರರು ಇದನ್ನು ಓದಿ ನಿಟ್ಟುಸಿರು ಬಿಡಬಹುದು.)

ಪ್ರಧಾನಿ ಬಲೇವಾ ಸತ್ತರು, ಉತ್ತರದ ಪ್ರಧಾನ ನಾಯಕ ಅಹ್ಮದು ಬೆಲ್ಲೊ ಸತ್ತರು, ಪಶ್ಚಿಮದ ಅಕಿಂಟೊಲಾ ಸತ್ತರು. ದಂಗೆಯೆದ್ದ ಮೇಜರುಗಳಲ್ಲಿ ಹೆಚ್ಚಿನವರು ಇಗ್ಬೊ ಜನಾಂಗದವರು, ಸತ್ತ ದೊಡ್ಡವರಲ್ಲಿ ಹೆಚ್ಚಿನವರು ಇಗ್ಬೊಗಳಲ್ಲ. ಈ ಲೆಕ್ಕವನ್ನು ಉತ್ತರದ ಸೈನಿಕರು ಮರೆಯಲಿಲ್ಲ. ಜುಲೈನಲ್ಲಿ ಮರುದಂಗೆ, ಜನವರಿಯ ದಂಗೆಯ ನಂತರ ಅಧಿಕಾರ ಹಿಡಿದಿದ್ದ ಸೇನಾ ಮುಖ್ಯಸ್ಥ ಇರೊನ್ಸಿಯ ಕೊಲೆ, ಉತ್ತರದ ಪಟ್ಟಣಗಳಲ್ಲಿ ಇಗ್ಬೊಗಳ ಮಾರಣಹೋಮ, ಇಗ್ಬೊಗಳ ಪೂರ್ವ ಪ್ರಾಂತ್ಯ ಬಿಯಾಫ್ರಾ ಎಂಬ ಬೇರೆ ದೇಶವಾಗಲು ಹೊರಟಾಗ 1967ರಿಂದ 1970ರವರೆಗೆ ಯುದ್ಧ. ಸತ್ತವರು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಎನ್ನುತ್ತಾರೆ, ಬಹುಪಾಲು ಹಸಿವಿನಿಂದ. ಭ್ರಷ್ಟರನ್ನು ಓಡಿಸಲು ಬಂದವರ ಹಿಂದೆ ಬಂದದ್ದು ಇದು.

ಮ್ಯೂಸಿಯಮ್ಮಿನ ಕಾರಿಗೆ ಹಿಂದಿರುಗುತ್ತೇನೆ. ಮುರ್ತಾಲ ಆಳಿದ್ದು ಸುಮಾರು 200 ದಿನ. ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ನಿಂತ ನಿಲುವಿನಲ್ಲಿ ಮನೆಗೆ ಕಳಿಸಿದರು, ನಾಗರಿಕ ಆಡಳಿತಕ್ಕೆ ಮರಳುವ ದಿನಾಂಕವನ್ನೂ ಗೊತ್ತುಮಾಡಿದರು. ಇಂದಿಗೂ ಜನ ಅವರನ್ನು ದೇವರಂತೆ ನೆನೆಯುತ್ತಾರೆ. ಲಾಗೋಸಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅವರ ಹೆಸರಿನದು. 1977ರಲ್ಲಿ ಹೊರಬಂದ 20 ನೈರಾ ನೋಟಿನ ಮೇಲೆ ಅವರ ಮುಖವಿದೆ. ಆಗ ಅದು ದೇಶದ ಅತಿ ದೊಡ್ಡ ನೋಟು, ಒಂದು ನೈರಾ ಒಂದು ಡಾಲರಿಗಿಂತ ತೂಕದ್ದು. ನಾನಿದ್ದಾಗ ಆ ನೋಟು ಭಿಕ್ಷೆಗೂ ಚಿಲ್ಲರೆಯೆನಿಸಿತ್ತು. ಒಂದನ್ನು ನೆನಪಿಗೆಂದು ತಂದಿಟ್ಟುಕೊಂಡಿದ್ದೇನೆ. ಮೆತ್ತಗಾಗಿ, ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಹೋಗಿದೆ. ಆ ಮುಖದವರೇ ಮುನ್ನಡೆಸುತ್ತಿದ್ದ ಸೇನಾ ವಿಭಾಗ 1967ರ ಅಕ್ಟೋಬರಿನಲ್ಲಿ ಅಸಾಬ ಎಂಬ ಊರಿಗೆ ಬಂದಾಗ, ಊರಿನವರು ಬಿಳಿ ಬಟ್ಟೆಯುಟ್ಟು ಹಾಡುತ್ತ ಸ್ವಾಗತಿಸಲು ಹೊರಟಿದ್ದರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ ನಿಲ್ಲಿಸಿ ಗುಂಡಿಕ್ಕಿದರು. ಇದನ್ನು ಯಾವ ನೋಟಿನ ಮೇಲೂ ಅಚ್ಚು ಹಾಕಿಲ್ಲ.

ಮುರ್ತಾಲರನ್ನು ಕೊಂದ ದಂಗೆಯ ನಾಯಕ ಲೆಫ್ಟಿನೆಂಟ್ ಕರ್ನಲ್ ಡಿಮ್ಕಾ ರೇಡಿಯೊಗೆ ಹೋಗಿ ಕರ್ಫ್ಯೂ ಘೋಷಿಸಿದ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ! ಹಗಲು ಮನೆಯಲ್ಲಿರಿ, ರಾತ್ರಿ ಬೀದಿಗೆ ಬನ್ನಿ ಎಂದಂತಾಯಿತು. ಲಾಗೋಸಿನಲ್ಲಿ ಇದು ಇಂದಿಗೂ ನಗೆಯ ಮಾತು.

ಮಿಲಿಟರಿ ಎಂದರೆ ಶಿಸ್ತು, ದಕ್ಷತೆ ಎನ್ನುವವರಿಗೆ ನಾನು ಯಾವಾಗಲೂ ಸಿಮೆಂಟಿನ ಕತೆ ಹೇಳುತ್ತೇನೆ. ಯುದ್ಧ ಮುಗಿದು ತೈಲದ ಹಣ ಹರಿದು ಬರುತ್ತಿದ್ದ, ಮುರ್ತಾಲರಿಗೆ ಮುಂಚೆ ಆಳಿದ ಜನರಲ್ ಗೊವೊನ್ ಅವರ ಕಾಲ. 1975ರ ಹೊತ್ತಿಗೆ ನೈಜೀರಿಯಾ ತರಿಸಲು ಹೊರಟಿದ್ದ ಸಿಮೆಂಟು ಸುಮಾರು ಎರಡು ಕೋಟಿ ಟನ್. ಅದರಲ್ಲಿ ಒಂದು ಕೋಟಿ ಅರವತ್ತು ಲಕ್ಷ ಟನ್ ರಕ್ಷಣಾ ಇಲಾಖೆಯೊಂದರದೇ ಬೇಡಿಕೆ. ಲಾಗೋಸ್ ಬಂದರಿನಲ್ಲಿ ವರ್ಷಕ್ಕೆ ಇಳಿಸಬಹುದಾಗಿದ್ದದ್ದು ಹತ್ತು ಲಕ್ಷ ಟನ್ನಿನ ಆಸುಪಾಸು. ನೂರಾರು ಹಡಗುಗಳು ಸಮುದ್ರದಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿ ನಿಂತವು. ನಿಂತ ಪ್ರತಿ ದಿನಕ್ಕೂ ಡೆಮರೇಜ್, ಅಂದರೆ ಹಡಗನ್ನು ಕಾಯಿಸಿದ್ದಕ್ಕೆ ದಂಡ, ಕೊಡಬೇಕು. ಇದು ತಿಳಿದ ಮೇಲೆ ಗುಜರಿಗೆ ಹೋಗಬೇಕಿದ್ದ ಹಡಗುಗಳಿಗೂ ಸಿಮೆಂಟು ತುಂಬಿ ಕಳಿಸಿದವರಿದ್ದರು. ಕಾಯುವುದೇ ಲಾಭ. ಹಡಗಿನ ಹೊಟ್ಟೆಯಲ್ಲೇ ತೇವ ಹೀರಿ ಸಿಮೆಂಟು ಕಲ್ಲಾಯಿತು. ಯಾರು ಲೆಕ್ಕ ಕೇಳಬೇಕು? ಸಂಸತ್ತಿಲ್ಲ, ಲೆಕ್ಕ ತಪಾಸಣೆಯ ವರದಿಯನ್ನು ಚರ್ಚಿಸುವ ಸದನವಿಲ್ಲ. ಅದೇ ವರ್ಷ ಜುಲೈ 29ರಂದು, ಕಂಪಾಲಾದ ಶೃಂಗಸಭೆಯಲ್ಲಿ ಕುಳಿತಿದ್ದಾಗ ಗೊವೊನ್ ಅಧಿಕಾರ ಹೋಯಿತು. ಅವರು ಇಂಗ್ಲೆಂಡಿಗೆ ಹೋಗಿ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಶಾಸ್ತ್ರದ ವಿದ್ಯಾರ್ಥಿಯಾಗಿ ಸೇರಿದರು. ಒಂಬತ್ತು ವರ್ಷ ದೇಶ ಆಳಿದ ಮೇಲೆ! ಆದರೂ ಆ ಸಾಲಿನಲ್ಲಿ ನನಗೆ ಇಷ್ಟವಾಗುವ ಒಬ್ಬರೆಂದರೆ ಅವರೇ.

1979ರಲ್ಲಿ, ಮುರ್ತಾಲರ ನಂತರ ಬಂದ ಜನರಲ್ ಒಬಸಾಂಜೊ ಅಧಿಕಾರವನ್ನು ನಾಗರಿಕರಿಗೆ ಒಪ್ಪಿಸಿದರು. ಅದೂ ಸಲೀಸಾಗಿ ಆಗಲಿಲ್ಲ. ಅಧ್ಯಕ್ಷ ಚುನಾವಣೆಯಲ್ಲಿ ಗೆಲ್ಲುವವರಿಗೆ 19 ರಾಜ್ಯಗಳಲ್ಲಿ ಮೂರನೇ ಎರಡರಷ್ಟು ಕಡೆ ಕಾಲುಭಾಗ ಮತ ಬಂದಿರಬೇಕು ಎಂಬುದು ನಿಯಮ. ಹತ್ತೊಂಬತ್ತರ ಮೂರನೇ ಎರಡು ಎಷ್ಟು? ಹನ್ನೆರಡು ಮತ್ತು ಮೂರನೇ ಎರಡು. ಹೆಚ್ಚು ಮತ ಪಡೆದ ಶಗಾರಿಗೆ ಬಂದದ್ದು ಹನ್ನೆರಡು ರಾಜ್ಯ. ಹದಿಮೂರನೆಯದು ಬೇಕು ಎಂದು ಎದುರಾಳಿ ಅವೊಲೊವೊ ನ್ಯಾಯಾಲಯಕ್ಕೆ ಹೋದರು. ಹದಿಮೂರನೆಯ ರಾಜ್ಯದ ಮೂರನೇ ಎರಡು ಭಾಗದಲ್ಲಿ ಕಾಲುಭಾಗ ಬಂದರೆ ಸಾಕೆಂಬ ಚುನಾವಣಾ ಆಯೋಗದ ಗಣಿತವೇ ಕೊನೆಗೆ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು. ಲೆಕ್ಕಿಗನಾದ ನನಗೆ ರಾಜ್ಯವೊಂದನ್ನು ಭಿನ್ನರಾಶಿ ಮಾಡಿದ ಆ ತೀರ್ಪು ತುಂಬ ಪ್ರಿಯ.

ಶಗಾರಿಯವರ ಸರ್ಕಾರ ದೋಚುವುದನ್ನು ಬಿಟ್ಟು ಹೆಚ್ಚಿನದೇನನ್ನೂ ಮಾಡಲಿಲ್ಲ. ಮತ್ತೆ 1983ರ ಡಿಸೆಂಬರ್ 31, ಮತ್ತೆ ಬ್ಯಾಂಡ್ ಸಂಗೀತ. ಆ ದಿನ ರೇಡಿಯೊದಲ್ಲಿ ಮಾತಾಡಿದ ಬ್ರಿಗೇಡಿಯರ್ ಹೆಸರು ಸಾನಿ ಅಬಾಚಾ. ಕುರ್ಚಿಯಲ್ಲಿ ಕುಳಿತವರು ಮುಹಮ್ಮದು ಬುಹಾರಿ. ಜನ ಈ ಸಲವೂ ಕುಣಿದರು. ಬಾಬಾ ಕೂಡ. ಆಗ ಅವರು ಸರ್ಕಾರಿ ಕಚೇರಿಯೊಂದರಲ್ಲಿ ಜವಾನ.

ಬುಹಾರಿ "ಅಶಿಸ್ತಿನ ವಿರುದ್ಧ ಸಮರ" ಸಾರಿದರು. ಬಸ್ ನಿಲ್ದಾಣದಲ್ಲಿ ಸಾಲು ತಪ್ಪಿದರೆ ಸೈನಿಕರ ಚಾಟಿ. ಕಚೇರಿಗೆ ತಡವಾದರೆ ಕಪ್ಪೆ ಜಿಗಿತ. ಬಾಬಾ ಒಂದು ದಿನ ಇಪ್ಪತ್ತು ನಿಮಿಷ ತಡವಾಗಿ ಹೋದರಂತೆ. ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂರಿಸಿ, ಎರಡೂ ಕಿವಿ ಹಿಡಿಸಿ, ಅಂಗಳದ ತುಂಬ ಜಿಗಿಸಿದರು. ಅವರ ಪಕ್ಕದಲ್ಲೇ ಅವರ ಮೇಲಧಿಕಾರಿಯೂ ಜಿಗಿಯುತ್ತಿದ್ದರು, ಟೈ ನೆಲಕ್ಕೆ ಬಡಿಯುತ್ತಿತ್ತು. ಇದನ್ನು ಹೇಳುವಾಗ ಬಾಬಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, "ಆದರೂ ಸಾಲು ಚೆನ್ನಾಗಿತ್ತು ಓಗಾ" ಎನ್ನುತ್ತಿದ್ದರು.

ನನ್ನ ತಕರಾರು ಇರುವುದು ಇಲ್ಲೇ. ಮೇಲಧಿಕಾರಿ ಕಪ್ಪೆಯಂತೆ ಜಿಗಿಯುವುದನ್ನು ಕಂಡ ಜವಾನನಿಗೆ ಒಂದು ಕ್ಷಣ ಸಿಗುವ ಸಮಾನತೆಯ ಖುಷಿ ಇದೆಯಲ್ಲ, ಸೇನಾ ಆಡಳಿತ ಬದುಕುವುದೇ ಅದರ ಮೇಲೆ. ಅದೇ 1984ರಲ್ಲಿ ನಾಲ್ಕನೇ ನಂಬರಿನ ಆಜ್ಞೆ ಹೊರಬಿತ್ತು. ಸುದ್ದಿ ನಿಜವೇ ಆಗಿದ್ದರೂ ಅಧಿಕಾರಿಗೆ ಮುಜುಗರವಾದರೆ ಪತ್ರಕರ್ತನಿಗೆ ಜೈಲು. ಟುಂಡೆ ಥಾಂಪ್ಸನ್, ಎನ್ಡುಕಾ ಇರಾಬೊರ್ ಎಂಬಿಬ್ಬರು ಹಾಗೆ ಒಳಗೆ ಹೋದರು. ಇರಾಬೊರ್ ಹೆಸರನ್ನು ನೆನಪಿಟ್ಟುಕೊಳ್ಳಿ.

1985ರಲ್ಲಿ ಬುಹಾರಿಯನ್ನು ಕೆಳಗಿಳಿಸಿ ಬಂದವರು ಬಾಬಂಗಿಡ. ಹಲ್ಲು ಬಿಟ್ಟು ನಗುವ, ಎಲ್ಲರ ಹೆಸರೂ ನೆನಪಿರುವ ಜನರಲ್. ಪ್ರಜಾಪ್ರಭುತ್ವ ತರುತ್ತೇನೆಂದು ತಾವೇ ಎರಡು ಪಕ್ಷ ಹುಟ್ಟುಹಾಕಿದರು, ಒಂದು ತುಸು ಎಡಕ್ಕೆ, ಇನ್ನೊಂದು ತುಸು ಬಲಕ್ಕೆ. ಕಚೇರಿಗಳನ್ನೂ ಸರ್ಕಾರವೇ ಕಟ್ಟಿಸಿತು. ಈ ಗೊಂಬೆಯಾಟದಲ್ಲೂ 1993ರ ಜೂನ್ 12ರಂದು ಜನ ನಿಜವಾದ ಮತ ಹಾಕಿದರು. ದಕ್ಷಿಣದ ಮುಸ್ಲಿಂ ಶ್ರೀಮಂತ ಅಬಿಯೊಲಾ ಅವರಿಗೆ ಉತ್ತರವೂ ಒಲಿಯಿತು. ಎದುರಾಳಿ ಟೋಫಾ ಅವರ ತವರಾದ ಕಾನೊದಲ್ಲೂ ಅಬಿಯೊಲಾ ಅವರೇ ಮುಂದೆ. ಜನಾಂಗ, ಧರ್ಮ ಎಂದು ಸತ್ತು ಕೊಂದ ದೇಶ ಒಂದು ದಿನ ಅದನ್ನೆಲ್ಲ ಬದಿಗಿಟ್ಟಿತ್ತು. ಹನ್ನೊಂದು ದಿನದ ನಂತರ ಆ ಚುನಾವಣೆಯೇ ರದ್ದಾಯಿತು. ರದ್ದಾದ ಸುದ್ದಿ ಬಂದದ್ದು ಒಂದು ಖಾಲಿ ಹಾಳೆಯಲ್ಲಿ. ಮುದ್ರೆ ಇಲ್ಲ, ಸಹಿ ಇಲ್ಲ. ಅದನ್ನು ಹೊರಡಿಸಿದವರು ಉಪಾಧ್ಯಕ್ಷರ ಪತ್ರಿಕಾ ಕಾರ್ಯದರ್ಶಿ ಎನ್ಡುಕಾ ಇರಾಬೊರ್. ಅದೇ ಇರಾಬೊರ್. ಒಂಬತ್ತು ವರ್ಷದ ಹಿಂದೆ ಸುದ್ದಿ ಬರೆದು ಜೈಲಿಗೆ ಹೋದವರು. ನಾನು ಅವರನ್ನು ಬೈಯಲಾರೆ. ಒಂದು ವ್ಯವಸ್ಥೆ ಇಷ್ಟು ವರ್ಷ ನಿಂತರೆ ಅದಕ್ಕೆ ಹೊರಗೆ ಎಂಬುದೇ ಇರುವುದಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತ್ತಲು: 1993ರ ಕೊನೆಗೆ ಅಧಿಕಾರ ಹಿಡಿದ ಅಬಾಚಾ, ಲೇಖಕ ಕೆನ್ ಸಾರೊ-ವಿವಾಗೆ ನೇಣು, ಅಬಿಯೊಲಾ ಅವರ ಹೆಂಡತಿ ಕುದಿರತ್ ಕೊಲೆ, ಸ್ವಿಸ್ ಬ್ಯಾಂಕುಗಳಿಂದ ಆಮೇಲೆ ಕಂತುಕಂತಾಗಿ ವಾಪಸ್ ಬಂದ ಕದ್ದ ಹಣ. 1998ರ ಜೂನ್ 8ರಂದು ಅಬಾಚಾ ಸತ್ತರು. ಜುಲೈ 7ರಂದು ಸೆರೆಯಲ್ಲೇ ಅಬಿಯೊಲಾ ಸತ್ತರು.

1999ರಲ್ಲಿ "ಪ್ರಜಾಪ್ರಭುತ್ವ ಮರಳಿತು" ಎಂದು ಪುಸ್ತಕಗಳು ಬರೆಯುತ್ತವೆ. ಮರಳಿದ್ದು ಯಾರು ಎಂದು ನೋಡಿ. ಗೆದ್ದವರು ಒಬಸಾಂಜೊ, 1976ರಿಂದ 79ರವರೆಗೆ ಆಳಿದ ಅದೇ ಜನರಲ್. 2015ರಲ್ಲಿ ಗೆದ್ದವರು ಬುಹಾರಿ, ಕಪ್ಪೆ ಜಿಗಿತದ ಬುಹಾರಿ. ಖಾಕಿ ಕಳಚಿ, ಯೊರುಬಾ ದೊಡ್ಡ ಮನುಷ್ಯರು ತೊಡುವ ಅಗಲ ನಿಲುವಂಗಿ ಅಗ್ಬಾಡ ತೊಟ್ಟರು, ಅಷ್ಟೆ. (ನಮಗೆ ಖಾಕಿ ಎಂದರೆ ಪೊಲೀಸರು, ಅಲ್ಲಿ ಸೈನ್ಯ.) "ನಾವು, ನೈಜೀರಿಯಾದ ಜನರು" ಎಂದು ಶುರುವಾಗುವ ಸಂವಿಧಾನ ಜನರ ಕೈಯಿಂದ ಬಂದದ್ದಲ್ಲ, ಸೇನಾ ಸರ್ಕಾರ ಹೊರಡಿಸಿದ 1999ರ 24ನೇ ನಂಬರಿನ ಆಜ್ಞೆಯಿಂದ ಬಂದದ್ದು. 36 ರಾಜ್ಯಗಳೂ ಜನರಲ್‌ಗಳು ನಕ್ಷೆಯ ಮೇಲೆ ಗೆರೆ ಎಳೆದಂತೆ ಹುಟ್ಟಿದವು: 12, 19, 21, 30, 36. ರಾಜಧಾನಿಯನ್ನು ಲಾಗೋಸಿನಿಂದ ಅಬುಜಾಗೆ ಒಯ್ದದ್ದೂ ಅವರೇ. ತೈಲದ ಹಣವೆಲ್ಲ ಕೇಂದ್ರಕ್ಕೆ, ಪ್ರತಿ ತಿಂಗಳು ರಾಜ್ಯಗಳವರು ಅಬುಜಾಗೆ ಹೋಗಿ ಪಾಲು ತರಬೇಕು. ಸೈನ್ಯದಲ್ಲಿ ಪಡಿತರ ಹಂಚಿದಂತೆ. ಲಾಗೋಸಿನಂಥ ಕೆಲವೇ ರಾಜ್ಯಗಳು ತಮ್ಮ ದುಡಿಮೆಯಲ್ಲಿ ಬದುಕಬಲ್ಲವು. ಹೀಗಿರುವಾಗ ಆ ದೇಶ ಸೇನೆ ಮತ್ತು ಪ್ರಜಾಪ್ರಭುತ್ವದ ನಡುವೆ ಲೋಲಕದಂತೆ ಅತ್ತಿಂದಿತ್ತ ತೂಗುತ್ತದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿಯವರದೇ ಒಂದು ಗಾದೆ ಹೆಚ್ಚು ಸರಿ: ಸೈನಿಕ ಹೋಗುತ್ತಾನೆ, ಸೈನಿಕ ಬರುತ್ತಾನೆ, ಬ್ಯಾರಕ್ಕು ಉಳಿಯುತ್ತದೆ.

ಏನೂ ಬದಲಾಗಿಲ್ಲ ಎಂದರೆ ಅದೂ ಸುಳ್ಳು. 2006ರಲ್ಲಿ ಒಬಸಾಂಜೊಗೆ ಮೂರನೇ ಅವಧಿ ದಕ್ಕಿಸುವ ಯತ್ನವನ್ನು ಸೆನೆಟ್ ತಳ್ಳಿಹಾಕಿತು. ಹಿಂದೆ ಇದಕ್ಕೆ ಟ್ಯಾಂಕುಗಳು ಬೇಕಾಗುತ್ತಿದ್ದವು. 2015ರ ಮಾರ್ಚ್ 31ರ ಸಂಜೆ ನಾನು ಲಾಗೋಸಿನಲ್ಲೇ ಇದ್ದೆ. ಮನೆಯಲ್ಲಿ ನೀರು, ಅಕ್ಕಿ ಕೂಡಿಟ್ಟುಕೊಂಡಿದ್ದೆವು. ಅಂತಿಮ ಫಲಿತಾಂಶಕ್ಕೂ ಮುಂಚೆ ಅಧ್ಯಕ್ಷ ಜೊನಾಥನ್ ಫೋನ್ ಮಾಡಿ ಬುಹಾರಿಯವರನ್ನು ಅಭಿನಂದಿಸಿದರು ಎಂಬ ಸುದ್ದಿ ಬಂತು. ಕುರ್ಚಿಯಲ್ಲಿದ್ದ ಅಧ್ಯಕ್ಷ ಮತದಿಂದ ಸೋತದ್ದು ಅಲ್ಲಿ ಅದೇ ಮೊದಲು. ಹೊರಗೆ ಹಾರ್ನ್ ಸದ್ದು, ಕೂಗು. ಕೂಡಿಟ್ಟ ಅಕ್ಕಿ ಎರಡು ತಿಂಗಳಿಗೆ ಬಂತು.

2025ರ ಫೆಬ್ರವರಿಯಲ್ಲಿ, 83ರ ವಯಸ್ಸಿನ ಬಾಬಂಗಿಡ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು, ಅಂದು ಗೆದ್ದದ್ದು ಅಬಿಯೊಲಾ ಎಂದು. ಮೂವತ್ತೆರಡನೇ ವರ್ಷಕ್ಕೆ. ಬಿಡುಗಡೆಯ ಸಭೆಯಲ್ಲಿ ಅವರ ಹೆಸರಿನ ಗ್ರಂಥಾಲಯಕ್ಕೆ ಶ್ರೀಮಂತರು ಸಾವಿರ ಕೋಟಿಗೂ ಹೆಚ್ಚು ನೈರಾ ಘೋಷಿಸಿದರು. ಅಬಾಚಾ ಕಾಲದಲ್ಲಿ ದೇಶ ಬಿಟ್ಟು ಓಡಿದ್ದ ಇಂದಿನ ಅಧ್ಯಕ್ಷ ಟಿನುಬು ಕೂಡ ವೇದಿಕೆಯಲ್ಲಿ ನಿಂತು ಅವರನ್ನು ಹೊಗಳಿದರು.

ಬಾಬಾ 2015ರಲ್ಲಿ ಬುಹಾರಿಗೇ ಮತ ಹಾಕಿದ್ದರು. ಮರುವರ್ಷ ಏಪ್ರಿಲಿನಲ್ಲಿ, ಲಕ್ಷಾಂತರ ಬ್ಯಾರೆಲ್ ತೈಲ ಮಾರುವ ಆ ದೇಶದಲ್ಲಿ ಪೆಟ್ರೋಲ್ ಸಿಗದಾಯಿತು. ಬಂಕಿನ ಮುಂದೆ ಎರಡು ಕಿಲೋಮೀಟರ್ ಸಾಲು, ನಾವು ಅದರ ನಡುವೆ. ನಾಲ್ಕನೆಯ ಗಂಟೆಯಲ್ಲಿ ನಾನು ಕೇಳಿದೆ, "ಬಾಬಾ, ನಿಮ್ಮನ್ನು ಕಪ್ಪೆಯಂತೆ ಜಿಗಿಸಿದವರಿಗೆ ಯಾಕೆ ಮತ ಹಾಕಿದಿರಿ?"

"ಸಾಲಿನಲ್ಲಿ ನಿಲ್ಲುವುದನ್ನು ನಮಗೆ ಕಲಿಸಿದವನೇ ಅವನು ಓಗಾ. ನೋಡಿ, ನಿಂತಿದ್ದೇವೆ."

ಮುಂದಿನ ಕಾರು ನಾಲ್ಕಡಿ ಸರಿಯಿತು. ಇದ್ದಷ್ಟು ಪೆಟ್ರೋಲ್ ಉಳಿಯಲೆಂದು ಬಾಬಾ ಇಂಜಿನ್ ಚಾಲೂ ಮಾಡಲಿಲ್ಲ. ಕೆಳಗಿಳಿದು, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನೂಕತೊಡಗಿದರು. ನಾನೂ ಇಳಿದು ಹಿಂದಕ್ಕೆ ಹೋದೆ.