ಡಿಕ್ಕಿಗೊಂದು ಬಾಲ

ನನ್ನ ಕಾರಿನ ಸ್ಪಾಯ್ಲರ್, ಅಂದರೆ ಡಿಕ್ಕಿಯ ಮೇಲೆ ಅಡ್ಡಕ್ಕೆ ಅಂಟಿಸುವ ರೆಕ್ಕೆಯಂಥ ಪಟ್ಟಿ, ಸಡಿಲವಾಗಿದೆ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಹಿಂದೆ ಬರುವ ಲಾರಿಯವನಿಗೆ ಗೊತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತ ಬೈಕಿನವರಿಗೆ ಗೊತ್ತಿತ್ತು, ಪಾರ್ಕಿಂಗ್ ಜಾಗದಲ್ಲಿ ಚೆಂಡಾಡುವ ಮಕ್ಕಳಿಗಂತೂ ಯಾವತ್ತೋ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೊಬ್ಬನಿಗೇ. ಸ್ಟೇರಿಂಗ್ ಹಿಡಿದು ಕೂತವನಿಗೆ ತನ್ನ ಕಾರಿನ ಬೆನ್ನು ಎಲ್ಲಿ ಕಾಣುತ್ತೆ ಹೇಳಿ.

ಮೊದಲಿಂದ ಹೇಳ್ತೀನಿ. ಕಾರಿಗೆ ಆರು ವರ್ಷ ಆಗಿತ್ತು. ನನಗೆ ಎಷ್ಟಾಗಿತ್ತು ಅನ್ನೋದು ಬೇಡ. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಚುರುಕಾಗಿ ಕಾಣಲಿ ಅಂತ ಆನ್‌ಲೈನಿನಲ್ಲಿ ಒಂದು ಸ್ಪಾಯ್ಲರ್ ತರಿಸಿದೆ. ಕಪ್ಪಗೆ ಹೊಳೆಯುವ ಪ್ಲಾಸ್ಟಿಕ್, ಉದ್ದ ಹತ್ತಿರ ಹತ್ತಿರ 1.2 ಮೀಟರ್, ನಡುವೆ ಎಲ್‌ಇಡಿ ಬ್ರೇಕ್ ಲೈಟು. ಡಬ್ಬದ ಮೇಲೆ "ಎಲ್ಲಾ ಸೆಡಾನ್ ಕಾರುಗಳಿಗೂ ಹೊಂದುತ್ತದೆ" ಅಂತ ಬರೆದಿತ್ತು. ಎಲ್ಲರಿಗೂ ಹೊಂದುವ ಚಪ್ಪಲಿ ಅಂತ ಯಾರಾದರೂ ಮಾರಿದರೆ ನಾನು ನಕ್ಕು ಮುಂದೆ ಹೋಗ್ತೀನಿ. ಸ್ಪಾಯ್ಲರ್ ವಿಷಯದಲ್ಲಿ ಮಾತ್ರ ನಂಬಿಬಿಟ್ಟೆ.

"ಇದೇನ್ರೀ ಇದು?" ಅಂದಳು ಹೆಂಡತಿ.

ನಾನು ಓದಿಕೊಂಡಿದ್ದನ್ನೆಲ್ಲ ಒಪ್ಪಿಸಿದೆ. ಕಾರಿನ ಚಾವಣಿ ದಾಟಿ ಹಿಂದಕ್ಕೆ ಇಳಿಯುವ ಗಾಳಿ ಹಿಂಭಾಗವನ್ನು ಮೇಲಕ್ಕೆ ಎತ್ತೋಕೆ ನೋಡುತ್ತೆ, ಆ ಗಾಳಿಯ ಆಟ ಕೆಡಿಸೋದೇ ಇದರ ಕೆಲಸ, ಅದಕ್ಕೇ ಇದಕ್ಕೆ ಸ್ಪಾಯ್ಲರ್ ಅಂದರೆ ಕೆಡಿಸುವವನು ಅಂತ ಹೆಸರು. 1972ರಲ್ಲಿ ಪೋರ್ಷೆಯವರು 911 ಕರೆರಾ ಆರ್‌ಎಸ್ ಅನ್ನೋ ಕಾರಿಗೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಹಾಕಿದ್ದು ಸುಮ್ನೆ ಶೋಕಿಗಲ್ಲ, ಹಿಂದಿನ ಚಕ್ರ ರಸ್ತೆ ಬಿಡಬಾರದು ಅಂತ.

"ಆ ಕಾರು ಎಷ್ಟು ಸ್ಪೀಡ್ ಹೋಗುತ್ತೆ?"

"ಸುಮಾರು 240."

"ನಾವು?"

ನಾನು ಡಬ್ಬ ಎತ್ತಿಕೊಂಡು ಕೆಳಗಿಳಿದೆ.

ಈಗ ಅಂಟಿಸಿದ ಕಥೆಗೆ ಬರೋಣ. ಇಲ್ಲಿ ನಾನು ಮಾಡಿದ ತಪ್ಪುಗಳನ್ನು ಬೇಕೂಂತ ಮಾಡೋಕೆ ಕೂತರೂ ಇಷ್ಟು ಸಲೀಸಾಗಿ ಮಾಡೋಕಾಗ್ತಿರಲಿಲ್ಲ. ಮೊದಲನೆಯದು, ಅಂಟಿಸೋ ಮುಂಚೆ ಕಾರನ್ನು ಚೆನ್ನಾಗಿ ತೊಳೆದು ವ್ಯಾಕ್ಸ್ ಪಾಲಿಶ್ ಹಚ್ಚಿದೆ. ಹೊಸ ವಸ್ತು ಬರ್ತಿದೆ, ಜಾಗ ಲಕಲಕ ಅನ್ನಬೇಕು ಅಲ್ವಾ? ಡಿಕ್ಕಿಯ ಮೇಲೆ ನೀರು ಚಿಮುಕಿಸಿದರೆ ಮುತ್ತಿನ ಹಾಗೆ ಉರುಳಿ ಹೋಗ್ತಿತ್ತು. ಅದನ್ನು ನೋಡಿ ಹೆಮ್ಮೆಪಟ್ಟೆನೇ ಹೊರತು, ನೀರಿನ ಹನಿಯೇ ಕಾಲೂರೋಕೆ ಆಗದ ಕಡೆ ಟೇಪು ಹೇಗೆ ಕಾಲೂರುತ್ತೆ ಅಂತ ತಲೆಗೆ ಹೋಗಲಿಲ್ಲ. ಎರಡನೆಯದು, ಡಬಲ್ ಸೈಡ್ ಟೇಪಿನ ಕೆಂಪು ಹಾಳೆ ಪೂರ್ತಿ ಕಿತ್ತೆಸೆದು, ಅಂಟು ಚೆನ್ನಾಗಿದೆಯಾ ಅಂತ ಬೆರಳಿನಿಂದ ಉದ್ದಕ್ಕೂ ಮುಟ್ಟಿ ನೋಡಿದೆ. ಚೆನ್ನಾಗಿತ್ತು. ನಾನು ಮುಟ್ಟೋವರೆಗೆ.

ಮೂರನೆಯದು ತುದಿಗಳ ಸಮಸ್ಯೆ. ಸ್ಪಾಯ್ಲರನ್ನು ಇಟ್ಟು ನೋಡಿದರೆ ನಡುವೆ ಸರಿಯಾಗಿ ಕೂತಿದೆ, ಎರಡೂ ತುದಿ ಮಾತ್ರ ಬೆರಳು ತೂರುವಷ್ಟು ಎದ್ದು ನಿಂತಿವೆ. ಡಿಕ್ಕಿಯ ಬಾಗೇ ಬೇರೆ, ಇದರ ಬಾಗೇ ಬೇರೆ. ಭಾವಮೈದುನನನ್ನು ಕರೆದು, ಆ ತುದಿ ನೀನು ಒತ್ತು, ಈ ತುದಿ ನಾನು ಒತ್ತುತೀನಿ ಅಂತ ಇಬ್ಬರೂ ಸೇರಿ ಬಗ್ಗಿಸಿ ಅಂಟಿಸಿದೆವು. ಬಿಟ್ಟೆವು. ನಿಂತಿತು. "ಭಾವ, ಸೂಪರ್" ಅಂದ ಅವನು. ಬಗ್ಗಿಸಿ ಕಟ್ಟಿದ ಬಿದಿರು ಯಾವತ್ತಿದ್ದರೂ ನೆಟ್ಟಗಾಗೋಕೆ ಕಾಯ್ತಿರುತ್ತೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಸೂಚನೆಯ ಹಾಳೆ ಇತ್ತಾ ಅಂತ ಕೇಳ್ತೀರಿ. ಇತ್ತು. ನೆಲ ಒರಟಾಗಿತ್ತು, ಹಾಗಾಗಿ ಅದನ್ನು ಮಂಡಿ ಕೆಳಗೆ ಹಾಕಿಕೊಂಡು ಕೂತಿದ್ದೆ.

ಬ್ರೇಕ್ ಲೈಟಿನ ವೈರನ್ನು ಒಳಕ್ಕೆ ಎಳೆದುಕೊಳ್ಳೋಕೆ ಡಿಕ್ಕಿ ತೆಗೆದು ತಲೆ ಹಾಕಿದೆ. ಮೇಲೆ ಹೊಸದಾಗಿ ಭಾರ ಸೇರಿದೆ, ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡುಗಳಿಗೂ ವಯಸ್ಸಾಗಿದೆ. ಬಾಗಿಲು ಮೆಲ್ಲಗೆ ಯೋಚನೆ ಮಾಡಿಕೊಂಡು ಇಳಿದು ಬಂತು. ಡಿಕ್ಕಿ ನನ್ನ ತಲೆಗೆ ಡಿಕ್ಕಿ ಹೊಡೆದದ್ದು ಹೀಗೆ. ಈ ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಯಾಕಿದೆ ಅಂತ ಅವತ್ತು ಅರ್ಥ ಆಯ್ತು.

ಎಲ್ಲಾ ಮುಗಿದು ಒಂದು ಗಂಟೆಯೂ ಆಗಿರಲಿಲ್ಲ, ಹೊಸ ಬಾಲ ತೋರಿಸೋಕೆ ಹೆದ್ದಾರಿಗೆ ಹೊರಟೆ. ಮಾರನೇ ದಿನ ಅಂಟಿಸುವಾಗ ಬಿದ್ದ ಬೆರಳಚ್ಚೆಲ್ಲ ಹೋಗಲಿ ಅಂತ ವಾಟರ್ ವಾಶ್‌ಗೂ ಬಿಟ್ಟೆ. ಆ ಪ್ರೆಶರ್ ಪೈಪಿನ ಹುಡುಗ ಸ್ಪಾಯ್ಲರಿನ ಅಂಚಿಗೇ ಗುರಿಯಿಟ್ಟು ನೀರು ಬಿಡ್ತಿದ್ದ. "ಅಲ್ಲಿ ಚೆನ್ನಾಗಿ ಹೊಡಿಯಪ್ಪ, ಧೂಳು ಕೂತಿರುತ್ತೆ" ಅಂತ ಹೇಳಿದವನೂ ನಾನೇ.

ಮೂರು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬಿಸಿಲುಗಾಲ ಬಂತು, ಜೊತೆಗೆ ಒಂದು ಶಬ್ದವೂ ಬಂತು. ಟಪ್. ಟಪ್ ಟಪ್. ಅರವತ್ತು ದಾಟಿದರೆ ಶುರು, ನಿಧಾನ ಮಾಡಿದರೆ ಗಪ್‌ಚುಪ್. ಮೊದಲು ಸ್ಟೆಪ್ನಿ ಮೇಲೆ ಅನುಮಾನ ಪಟ್ಟೆ, ತೆಗೆದು ಬಿಗಿ ಮಾಡಿ ಹಾಕಿದೆ. ಆಮೇಲೆ ಜಾಕಿಗೆ ಬಟ್ಟೆ ಸುತ್ತಿದೆ. ಹೆಂಡತಿ ಹಿಂದೆ ಇಟ್ಟಿದ್ದ ಕೊಡೆಯನ್ನು ಬೈದು ಹೊರಗೆ ಹಾಕಿದೆ, ಮುಂದಿನ ವಾರ ಮಳೆ ಬಂದಾಗ ಆ ವಿಷಯ ಮತ್ತೆ ಚರ್ಚೆಗೆ ಬಂತು, ಅದನ್ನು ಇಲ್ಲಿ ಬರೆಯೋಕೆ ಇಷ್ಟವಿಲ್ಲ. ಶಾಕ್ ಅಬ್ಸಾರ್ಬರ್ ಹೋಗಿರಬಹುದು ಅಂತ ಗ್ಯಾರೇಜಿಗೂ ಹೋದೆ. ಗ್ಯಾರೇಜಿನ ಯಜಮಾನರು ಒಂದು ರೌಂಡ್ ಓಡಿಸಿ ಬಂದು, ಇಳಿದು, ಸ್ಪಾಯ್ಲರಿನ ಎಡತುದಿಯನ್ನು ಕಿರುಬೆರಳಲ್ಲಿ ಎತ್ತಿದರು. ಎದ್ದಿತು.

"ಸಾರ್, ಇದು ಅಲ್ಲಾಡ್ತಿದೆ."

"ಅದು ಹಂಗೇ ಇರೋದು" ಅಂದೆ ನಾನು, ಗಾಳಿಶಾಸ್ತ್ರ ಅರೆದು ಕುಡಿದವನ ಥರ. "ಗಾಳಿಗೆ ಬಾಗಲಿ ಅಂತ ಡಿಸೈನೇ ಹಂಗಿದೆ."

ಅವರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಆ ಮೌನದ ಬೆಲೆ ನನಗೆ ಎರಡು ವಾರದ ನಂತರ ಗೊತ್ತಾಯ್ತು.

ಅವತ್ತು ಹೆದ್ದಾರಿಯಲ್ಲಿ ಎಂಬತ್ತರ ಸ್ಪೀಡಿನಲ್ಲಿ ಹೋಗ್ತಿದ್ದೆ. ಒಬ್ಬ ಕಾರಿನವನು ದಾಟಿ ಹೋಗ್ತಾ ಕೈಯಿಂದ ಹಿಂದೆ ತೋರಿಸಿದ. ನಾನು ತಲೆಯಾಡಿಸಿ ಥ್ಯಾಂಕ್ಸ್ ಹೇಳಿದೆ. ಬಸ್ಸಿನ ಕಿಟಕಿಯಿಂದ ಇಬ್ಬರು ಬಗ್ಗಿ ಬಗ್ಗಿ ನೋಡಿದರು. ಹಿಂದಿನಿಂದ ಒಬ್ಬ ಬೈಕಿನವನು ಎರಡು ಕಿಲೋಮೀಟರಿನಿಂದ ಹಾರ್ನ್ ಹೊಡೀತಾನೇ ಇದ್ದ. "ನೋಡಿದೆಯಾ, ಎಲ್ಲರಿಗೂ ಎಷ್ಟು ಇಷ್ಟ ಆಗಿದೆ" ಅಂತ ಹೆಂಡತಿಗೆ ಹೇಳಿ ಬಾಯಿ ಮುಚ್ಚಿಲ್ಲ, ಹಿಂದೆ ಪಟಾರ್ ಅಂತ ಸದ್ದಾಯ್ತು, ಆಮೇಲೆ ಡಬ್ಬ ಎಳೆದುಕೊಂಡು ಹೋದ ಹಾಗೆ ಗರಗರ ಗರಗರ. ಸ್ಪಾಯ್ಲರ್ ಕಿತ್ತು ಬಂದಿದೆ, ಬ್ರೇಕ್ ಲೈಟಿನ ವೈರಿಗೆ ನೇತಾಡಿಕೊಂಡು ಬಂಪರನ್ನು ಕೆರೀತಾ ಬರ್ತಿದೆ. ಪಕ್ಕಕ್ಕೆ ತೆಗೆಯೋಣ ಅಂತ ಬ್ರೇಕ್ ಒತ್ತಿದೆ. ರಸ್ತೆಯಲ್ಲಿ ಉರುಳಾಡುತ್ತಿದ್ದ ಅದು ಅಂಥಾ ಸ್ಥಿತಿಯಲ್ಲೂ ಕೆಂಪಗೆ ಬೆಳಗಿ ಕರ್ತವ್ಯ ಮಾಡಿತಂತೆ. ಇದು ಬೈಕಿನವನು ಆಮೇಲೆ ಹೇಳಿದ್ದು. ಮರುಕ್ಷಣ ವೈರೂ ಕಿತ್ತುಹೋಯ್ತು.

ಆ ಬೈಕಿನವನೇ ಅದನ್ನು ಎತ್ತಿಕೊಂಡು ಬಂದ. ಹುಡುಗ, ಕಾಲೇಜು ಓದುವ ವಯಸ್ಸು. ತಬ್ಬಿಕೊಂಡ ಹಾಗೆ ಹಿಡಿದುಕೊಂಡು ಬಂದು, "ಅಂಕಲ್, ನಿಮ್ದು ಬಿತ್ತು" ಅಂದ. ಎಡತುದಿ ಪಟಪಟ ಹೊಡ್ಕೊಳ್ಳೋದು ಕಂಡು ಬೇಕೂಂತಲೇ ದೂರ ಇಟ್ಟುಕೊಂಡು ಬರ್ತಿದ್ದನಂತೆ. ಎರಡು ಕಿಲೋ ಪ್ಲಾಸ್ಟಿಕ್, ಎಂಬತ್ತರ ವೇಗ, ಎದುರಿಗೆ ಬೈಕಿನ ಮೇಲೆ ಕೂತ ಹುಡುಗನ ಎದೆ. ಅಷ್ಟು ಹೊತ್ತು ನನಗೆ ಬಂಪರಿನ ಗೀರಿನದ್ದೇ ಚಿಂತೆ ಇತ್ತು. ಅವನ ಹೆಲ್ಮೆಟ್ ನೋಡಿದ ಮೇಲೆ ಕೈ ನಡುಗೋಕೆ ಶುರುವಾಯ್ತು. ಥ್ಯಾಂಕ್ಸ್ ಅನ್ನೋದು ಕೂಡ ಸರಿಯಾಗಿ ಬಾಯಿಂದ ಬರಲಿಲ್ಲ. ಹೆಂಡತಿ ಮಾತಾಡಿ ಅವನನ್ನು ಕಳಿಸಿಕೊಟ್ಟಳು. ಮನೆ ತಲುಪುವವರೆಗೂ ನನ್ನ ಜೊತೆ ಮಾತ್ರ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲ್ ಹಿಡಿದು ಓದ್ತಾ ಕೂತೆ. ನನಗಿಂತ ದೊಡ್ಡವರಿಗೂ ಹೀಗಾಗಿದೆಯಾ ಅಂತ ಹುಡುಕೋದು ಒಂದು ಚಟ. ಆಗಿದೆ. 1969ರಲ್ಲಿ ಬಾರ್ಸಿಲೋನಾದ ಮೊಂಟ್ಜುಯಿಕ್‌ನಲ್ಲಿ ಸ್ಪ್ಯಾನಿಷ್ ಗ್ರಾಂಡ್ ಪ್ರಿ ಅನ್ನೋ ಫಾರ್ಮುಲಾ ಒನ್ ಕಾರ್ ರೇಸ್ ನಡೆಯುವಾಗ ಗ್ರಹಾಂ ಹಿಲ್, ಯೊಖೆನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳೂ ಒಂದೇ ರೇಸಿನಲ್ಲಿ ಮುರಿದುಬಿದ್ದವು. ಇಬ್ಬರೂ ಗುದ್ದಿದರು, ಇಬ್ಬರೂ ಉಳಿದರು. ಮುಂದಿನ ಮೊನಾಕೊ ರೇಸಿನ ಹೊತ್ತಿಗೆ ಅಂಥ ಎತ್ತರದ ರೆಕ್ಕೆಗಳನ್ನೇ ನಿಷೇಧ ಮಾಡಿದರು. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಅವರು ರೇಸಿಗೆ ಹೋಗಿದ್ರು. ನಾವು ನಾಮಕರಣಕ್ಕೆ ಹೋಗ್ತಿದ್ವಿ" ಅಂತ ಹೇಳಿ ಮಗ್ಗಲು ಬದಲಿಸಿದಳು.

ಮಾರನೇ ದಿನ ಬಾಲ ಕೈಯಲ್ಲಿ ಹಿಡಿದು ಅದೇ ಯಜಮಾನರ ಮುಂದೆ ನಿಂತೆ. ಅವರು "ನಾನು ಹೇಳಿದ್ನಲ್ಲ" ಅನ್ನಲಿಲ್ಲ. ಅಂದಿದ್ರೆ ಹಗುರಾಗ್ತಿತ್ತು. ಸ್ಪಾಯ್ಲರನ್ನು ತಿರುಗಿಸಿ ಟೇಪು ನೋಡಿದರು, ಆಮೇಲೆ ಡಿಕ್ಕಿ ನೋಡಿದರು. "ಟೇಪೆಲ್ಲ ಇದರ ಜೊತೆಗೇ ಬಂದಿದೆ, ಡಿಕ್ಕಿ ಮೇಲೆ ಒಂದು ಚೂರೂ ಇಲ್ಲ. ಪಾಲಿಶ್ ಹಾಕಿದ ಮೇಲೆ ಅಂಟಿಸಿದ್ರಾ?" ಪೊಲೀಸರೂ ಇಷ್ಟು ಬೇಗ ಹಿಡಿಯಲ್ಲ. ಟೇಪು ನಡುವೆ ಹರಿದು ಅರ್ಧ ಇಲ್ಲಿ ಅರ್ಧ ಅಲ್ಲಿ ಉಳಿದಿದ್ರೆ ಅಂಟು ಹಿಡಿದಿತ್ತು, ಭಾರ ತಡೆಯೋಕಾಗಲಿಲ್ಲ ಅಂತ ಅರ್ಥವಂತೆ. ನನ್ನದು ಹಿಡಿದೇ ಇರಲಿಲ್ಲ, ಮೂರು ತಿಂಗಳು ಸುಮ್ನೆ ಮರ್ಯಾದೆಗೆ ಕೂತಿತ್ತು.

ಇನ್ನೂ ಹೇಳಿದರು. ಈ ಟೇಪನ್ನು ಅಡ್ಡಕ್ಕೆ ಜಗ್ಗಿದರೆ ಜಪ್ಪಯ್ಯ ಅನ್ನಲ್ಲ, ಆದರೆ ಒಂದು ಮೂಲೆಯಿಂದ ಮೇಲಕ್ಕೆ ಎಬ್ಬಿಸಿದರೆ ಗಾಯದ ಪಟ್ಟಿಯ ಹಾಗೆ ಬಿಟ್ಟುಕೊಂಡು ಬರುತ್ತೆ. ನನ್ನ ಸ್ಪಾಯ್ಲರಿನ ಬಗ್ಗಿಸಿದ ತುದಿಗಳು ಹಗಲೂ ರಾತ್ರಿ ಮಾಡಿದ ಕೆಲಸ ಅದೇ. ಅದಕ್ಕೆ ಬಿಸಿಲು ಸೇರಿತು. ನಲವತ್ತು ಡಿಗ್ರಿ ಬಿಸಿ ಏರಿದರೆ ಅಷ್ಟುದ್ದದ ಎಬಿಎಸ್ ಪ್ಲಾಸ್ಟಿಕ್ ಮೂರು ನಾಲ್ಕು ಮಿಲಿಮೀಟರ್ ಹಿಗ್ಗುತ್ತೆ, ಕೆಳಗಿನ ಉಕ್ಕು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತೆ. ದಿನಾ ಹಿಗ್ಗೋದು, ದಿನಾ ಕುಗ್ಗೋದು. ಮೇಲಿಂದ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತೆ, ಅದಕ್ಕೇ ಬೀದಿಯಲ್ಲಿ ಸುಮ್ಮನಿದ್ದದ್ದು ಹೆದ್ದಾರಿಯಲ್ಲಿ ತಾಳ ಹಾಕ್ತಿತ್ತು.

"ಹಾಗಾದ್ರೆ ಬೋಲ್ಟ್ ಹಾಕಿಬಿಡಿ" ಅಂದೆ.

ಅದಕ್ಕೂ ಅವರು ಕುಣಿಯಲಿಲ್ಲ. ತೂತು ಕೊರೆದರೆ ಆ ಅಂಚಿಗೆ ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ತುಕ್ಕು. ರಬ್ಬರ್ ವಾಷರ್, ಸೀಲೆಂಟ್ ಹಾಕಬೇಕು, ಇಲ್ಲದಿದ್ದರೆ ಮಳೆನೀರು ಇಳಿದು ಸ್ಟೆಪ್ನಿ ಗುಂಡಿಯಲ್ಲಿ ಕೆರೆ. ದೊಡ್ಡ ರೆಕ್ಕೆಗಾದರೆ ಬೋಲ್ಟೇ ಬೇಕು, ಇಂಥ ಪಟ್ಟಿ ಸ್ಪಾಯ್ಲರಿಗೆ ಟೇಪು ಸಾಕು, ಆದರೆ ಈ ಕಾರಿಗೆ ಅಂತಲೇ ಮಾಡಿದ್ದು ತನ್ನಿ ಅಂದರು. ತಂದೆ.

ಅವರು ಅಂಟಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಕೆಂಪು ಹಾಳೆ ಬಿಚ್ಚದೆ ಮೊದಲು ಸುಮ್ನೆ ಇಟ್ಟು ನೋಡಿದರು, ಗಾಳಿ ಆಡುವ ಸಂದು ಎಲ್ಲೂ ಇಲ್ಲ ಅಂತ ಖಾತ್ರಿ ಆದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಗುರುತು ಹಾಕಿದರು. ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ, ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿದರು. ಹಾಳೆಯ ತುದಿಗಳನ್ನು ಮಾತ್ರ ಬಿಡಿಸಿ ಬಾಲದ ಥರ ಹೊರಗೆ ಬಿಟ್ಟು, ಜಾಗ ಸರಿಯಾಗಿ ಕೂತ ಮೇಲೆ ಮಿಕ್ಕದ್ದನ್ನು ಮೆಲ್ಲಗೆ ಎಳೆದರು. ಆಮೇಲೆ ಇಂಚಿಂಚೂ ಒತ್ತಿದರು. ಈ ಅಂಟು ಕೆಲಸ ಮಾಡೋದೇ ಒತ್ತಿದರೆ ಅಂತೆ, ಮೇಲೆ ಇಟ್ಟು ಬೆನ್ನು ತಟ್ಟಿದರೆ ಸಾಲದು. ಅದರ ಪೂರ್ತಿ ಶಕ್ತಿ ಬರೋಕೆ 72 ಗಂಟೆ ಬೇಕು. ಮೊದಲ ಇಪ್ಪತ್ತು ನಿಮಿಷದಲ್ಲಿ ಸುಮಾರು ಅರ್ಧ ಬರುತ್ತೆ. ನಾನು ಹೆದ್ದಾರಿಗೆ ಹೊರಟದ್ದು ಆ ಅರ್ಧವನ್ನು ನಂಬಿ.

ಮನೆಗೆ ಬಂದು ಹಳೇ ಸೂಚನೆಯ ಹಾಳೆ ಹುಡುಕಿದೆ. ಎಲ್ಲವೂ ಅದರಲ್ಲೇ ಇತ್ತು. 72 ಗಂಟೆ ಅನ್ನೋ ಸಾಲಿನ ಮೇಲೆ ಸರಿಯಾಗಿ ನನ್ನ ಮಂಡಿಯ ಗುರುತು.

ಮೂರು ದಿನ ಕಾರು ಬೆನ್ನ ತುಂಬ ಮಾಸ್ಕಿಂಗ್ ಟೇಪು ಸುತ್ತಿಕೊಂಡು ಆಪರೇಷನ್ ಆದವರ ಹಾಗೆ ನೆರಳಲ್ಲಿ ನಿಂತಿತ್ತು. ಯಾರು ಗುದ್ದಿದ್ದು ಅಂತ ಕೇಳದವರಿಲ್ಲ. ಯಾರ್ಯಾರದೋ ಹೆಸರು ಹೇಳಿ ಸಾಕಾಗಿ ಕೊನೆಗೆ ನಿಜ ಹೇಳಿದೆ, ಆಗ ಯಾರೂ ನಂಬಲಿಲ್ಲ.

ಇದೆಲ್ಲ ಆಗಿ ವರ್ಷವಾಯ್ತು, ಅದು ಅಲ್ಲಾಡಿಲ್ಲ. ಆದರೆ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಎಲ್ಲೇ ಸ್ಪಾಯ್ಲರ್ ಇರುವ ಕಾರು ನಿಂತಿದ್ದರೂ ಪಕ್ಕದಲ್ಲಿ ಹೋಗ್ತಾ ಕಿರುಬೆರಳು ತಾನಾಗೇ ಅದರ ತುದಿಗೆ ಹೋಗುತ್ತೆ. ಮೊನ್ನೆ ಒಂದು ಕಡೆ ಹಾಗೆ ಎತ್ತಿದೆ, ಅರ್ಧ ಇಂಚು ಎದ್ದಿತು. ಅಷ್ಟರಲ್ಲಿ ಕಾರಿನವನೇ ಬಂದುಬಿಟ್ಟ.

"ಏನ್ರೀ ಮಾಡ್ತಿದೀರಿ ನನ್ ಕಾರಿಗೆ?"

"ಇದು ಸಡಿಲ ಆಗಿದೆ ಸಾರ್, ನೋಡಿ, ಅಲ್ಲಾಡ್ತಿದೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅನುಕಂಪದ ಒಂದು ನಗೆ ನಕ್ಕ.

"ಅದು ಹಂಗೇ ಇರೋದು ರೀ" ಅಂದ. "ಗಾಳಿಗೆ ಬಾಗಬೇಕಲ್ಲ."