ಮೇಡಂ, ಎಕೋ ಹಾಕ್ಲಾ?

ನಮ್ಮ ಸಂಗೀತೋತ್ಸವಕ್ಕೆ ವಿರೋಧಿಗಳಿಂದ ಇದುವರೆಗೆ ಏನೂ ತೊಂದರೆಯಾಗಿಲ್ಲ. ವಿರೋಧಿಸಬೇಕಾದರೆ ಮೊದಲು ಇಂಥದ್ದೊಂದು ನಡೆಯುತ್ತಿದೆ ಅಂತ ಗೊತ್ತಿರಬೇಕಲ್ಲ. ನಮಗೆ ಇರುವ ಕಾಟವೆಲ್ಲ ಸಹಾಯ ಮಾಡುವವರದು.

ನಾವೊಂದಿಷ್ಟು ಗೆಳೆಯರು ಕೈಯಿಂದ ದುಡ್ಡು ಹಾಕಿಕೊಂಡು ಬೆಂಗಳೂರಿನಲ್ಲಿ ಪ್ರಾಯೋಗಿಕ ಸಂಗೀತದ ಉತ್ಸವ ಮಾಡುತ್ತೇವೆ. ಜಾಗ, ನಾಮಕರಣ, ಸೀಮಂತ, ಉಪನಯನಕ್ಕೆ ಬಾಡಿಗೆ ಕೊಡುವ ಒಂದು ಹಳೇ ಹಾಲ್. ನುಡಿಸುವುದು ತಗಡು, ಕೆಟ್ಟ ರೇಡಿಯೊ, ನೀರಲ್ಲಿ ಮುಳುಗಿಸಿದ ಮೈಕು, ಲ್ಯಾಪ್‌ಟಾಪು. ರಾಗ ಇರಬಹುದು, ಇಲ್ಲದೆಯೂ ಇರಬಹುದು. ಪ್ರಾಯೋಜಕರಿಲ್ಲ, ಹಾಗಾಗಿ ಬ್ಯಾನರಿನಲ್ಲಿ ಯಾರ ಫೋಟೊನೂ ಇಲ್ಲ. ಅಷ್ಟೊಂದು ಖಾಲಿ ಜಾಗ ನೋಡಿ ಪ್ರಿಂಟ್ ಮಾಡುವವರಿಗೆ ಬೇಜಾರಾಗಿ ಒಂದು ವೀಣೆ, ಎರಡು ನವಿಲು ಹಾಕಿಕೊಟ್ಟಿದ್ದರು. ಫ್ರೀಯಾಗಿ.

ಮೈಕಿಗೆ ಪರ್ಮಿಷನ್ ತೆಗೆದುಕೊಳ್ಳಲು ಠಾಣೆಗೆ ಹೋದೆ. ಅಲ್ಲಿ ಬರೆದುಕೊಳ್ಳುತ್ತಿದ್ದವರು ಕೇಳಿದರು.

"ಹಾಡೋರು ಯಾರಮ್ಮ?"

"ಹಾಡೋದು ಕಮ್ಮಿ ಸಾರ್."

"ಡ್ಯಾನ್ಸಾ?"

"ಅದೂ ಇಲ್ಲ."

"ಮತ್ತೆ ಮೈಕ್ ಯಾಕೆ?"

"ಸದ್ದು ಮಾಡ್ತೀವಿ ಸಾರ್."

ಪೆನ್ನು ಕೆಳಗಿಟ್ಟರು. ಠಾಣೆಯಲ್ಲಿ ನಿಂತು ಹೇಳುವಂಥ ಮಾತಲ್ಲ ಅದು. ಆದರೆ ಒಳ್ಳೆಯ ಮನುಷ್ಯ. "ಹೀಗೆ ಬರೆದ್ರೆ ಸಾಹೇಬ್ರು ಸೈನ್ ಹಾಕಲ್ಲ. ನಾನು ಸರಿ ಮಾಡ್ತೀನಿ ಬಿಡಿ" ಅಂದು, ಕಾರ್ಯಕ್ರಮದ ಸ್ವರೂಪ ಅನ್ನುವ ಕಡೆ "ಭಕ್ತಿ ಸಂಗೀತ" ಅಂತ ಬರೆದುಕೊಂಡರು. ಅವತ್ತಿಂದ ಸರ್ಕಾರದ ಕಾಗದದಲ್ಲಿ ನಾವು ಭಜನೆಯವರು. ಹತ್ತು ಗಂಟೆಗೆ ಸರಿಯಾಗಿ ಮೈಕ್ ಆಫ್ ಮಾಡಿ ಅಂತಲೂ ಎಚ್ಚರಿಸಿದರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 45. ನಮ್ಮ ಕಲಾವಿದರಲ್ಲಿ ಒಬ್ಬರು ಮಂಜುಗಡ್ಡೆ ಕರಗುವ ಸದ್ದನ್ನು ಕೇಳಿಸುವವರು. 45 ದಾಟಿದರೆ ಅವರು ಎಲ್ಲರಿಗೂ ಸ್ವೀಟ್ ಹಂಚುತ್ತಾರೆ.

ವಾದ್ಯಗಳನ್ನು ಕೊಳ್ಳುವುದು ಗುಜರಿ ಅಂಗಡಿಯಲ್ಲಿ. ಹಳೇ ಕಾರಿನ ಬ್ರೇಕ್ ಡ್ರಮ್ ಇದೆಯಲ್ಲ, ಬಹಳ ಒಳ್ಳೇ ವಾದ್ಯ. ಅಮೆರಿಕದಲ್ಲಿ 1930ರ ದಶಕದಲ್ಲೇ ಅದನ್ನು ವೇದಿಕೆ ಹತ್ತಿಸಿದ್ದರು. ಅದಕ್ಕೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ, ಅದುರಿದರೆ ಕರೆಂಟು ಹುಟ್ಟಿಸುವ ಪೀಜೋ ಬಿಲ್ಲೆಯೊಂದನ್ನು ಟೇಪ್ ಹಾಕಿ ಅಂಟಿಸಿದರೆ ಮೈಕೂ ರೆಡಿ. ಮೊದಲ ಸಲ ಹೋದಾಗ ಗುಜರಿಯವರು ಕೆಜಿ ಲೆಕ್ಕದಲ್ಲಿ ಕೊಟ್ಟಿದ್ದರು. ನಾವು ಒಂದೊಂದನ್ನೂ ಹಗ್ಗಕ್ಕೆ ನೇತುಹಾಕಿ, ಸ್ಪ್ಯಾನರಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳಿ, ಕೆಲವನ್ನು ಎಡಕ್ಕೆ ಕೆಲವನ್ನು ಬಲಕ್ಕೆ ಇಡುವುದನ್ನು ಬಾಯಲ್ಲಿದ್ದ ಬೀಡಿ ಆರುವ ತನಕ ನೋಡುತ್ತಿದ್ದರು. ಮುಂದಿನ ವರ್ಷ ಹೋದರೆ ಅಂಗಡಿಯ ಹಿಂದೆ ಒಂದು ಕಂಬಿಗೆ ಸಾಲಾಗಿ ಡ್ರಮ್ಮುಗಳು ನೇತಾಡುತ್ತಿವೆ.

"ನಿಮಗೇಂತ ಆರಿಸಿ ಇಟ್ಟಿದೀನಿ ಮೇಡಂ" ಅಂದರು. ತಾವೇ ಸ್ಪ್ಯಾನರ್ ಹಿಡಿದು ಶುರು ಮಾಡಿದರು. "ಇದು ಟಣ್ಣ್ ಅನ್ನುತ್ತೆ, ಆರ್ನೂರು. ಇದು ಟೊಂಯ್ಞ್, ಐನೂರು. ಆ ಮೂಲೇಲಿರೋದು ಸೀಳಿದೆ, ಲೊಟ್ ಅನ್ನುತ್ತೆ. ಅದು ಬೇಕಾದ್ರೆ ಕೆಜಿ ಲೆಕ್ಕ."

ನಮ್ಮ ಹುಡುಗನಿಗೆ ಬೇಕಾಗಿದ್ದೇ ಆ ಲೊಟ್. ಮುಖದಲ್ಲಿ ಏನೂ ತೋರಿಸದೆ ಅದನ್ನು ತಕ್ಕಡಿಗೆ ಇಟ್ಟ. ಆದರೆ ಇಡುವ ಮುಂಚೆ ಒಂದೇ ಒಂದು ಸಲ ಪ್ರೀತಿಯಿಂದ ತಟ್ಟಿದ. ಅಂಗಡಿಯವರು ಅವನ ಮುಖ ನೋಡಿದರು. ಡ್ರಮ್ಮನ್ನು ತಕ್ಕಡಿಯಿಂದ ಎತ್ತಿಕೊಂಡರು. "ಇದಕ್ಕೆ ಸಾವಿರ ಆಗುತ್ತೆ" ಅಂದರು. ಇಡೀ ಬೆಂಗಳೂರಿನಲ್ಲಿ ನಮ್ಮ ಸಂಗೀತ ಇಷ್ಟು ಚೆನ್ನಾಗಿ ಅರ್ಥವಾಗಿರುವುದು ಅವರೊಬ್ಬರಿಗೇ.

ಸೌಂಡ್ ಸಿಸ್ಟಂನವರದು ಬೇರೆ ಕಥೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಪಳಗಿದ ಕೈ. ಅವರ ಪ್ರಕಾರ ಎಕೋ ಇಲ್ಲದ ಧ್ವನಿ ಅಂದರೆ ಒಗ್ಗರಣೆ ಇಲ್ಲದ ಸಾರು. "ಮೇಡಂ, ಎಕೋ ಹಾಕ್ಲಾ?" ಅಂತ ಬೆಳಗ್ಗೆಯಿಂದ ಕೇಳುತ್ತಿದ್ದರು. ಬೇಡ ಅಂದೆ. ಬೇಡ ಅಂದಾಗಲೆಲ್ಲ ನನ್ನ ಸಂಕೋಚ ಎಷ್ಟು ದೊಡ್ಡದು ಅಂದುಕೊಂಡರೋ ಏನೋ, ಮಂಜುಗಡ್ಡೆಯವರು ವೇದಿಕೆಗೆ ಬಂದ ಕೂಡಲೇ ಸುಮ್ನೆ ಹಾಕಿಬಿಟ್ಟರು. ಒಂದು ಹನಿ ಬಿದ್ದರೆ ಹಾಲ್ ತುಂಬ ಟಪ್ ಟಪ್ ಟಪ್ ಟಪ್. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗು ಸಿಕ್ಕಿಸಿಕೊಂಡು ಎದ್ದರು. "ಯಾರೋ ನಲ್ಲಿ ಬಿಟ್ಟು ಬಂದಿದಾರೆ. ಕಾವೇರಿ ನೀರು!" ಅಂದು ಅಡುಗೆಮನೆ, ಬಚ್ಚಲು ಎಲ್ಲ ಹುಡುಕಿಕೊಂಡು ಬಂದರು. ಎಲ್ಲ ನಲ್ಲಿಗಳನ್ನೂ ಬಿಗಿ ಮಾಡಿದ ಮೇಲೂ ಸದ್ದು ನಿಲ್ಲದಿದ್ದಾಗ ಅವರು ಕಲಾವಿದರನ್ನು ನೋಡಿದ ನೋಟ ಇದೆಯಲ್ಲ, ಯಾವ ವಿಮರ್ಶಕರೂ ಹಾಗೆ ನೋಡಿಲ್ಲ.

ಇನ್ನು ಎಲೆಕ್ಟ್ರಿಷಿಯನ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಓಡಾಡುತ್ತದೆ. ಆಂಪ್ಲಿಫೈಯರಿನಲ್ಲಿ ಒಮ್ಮೊಮ್ಮೆ ಗುಂಯ್ ಅಂತ ಬರುತ್ತದಲ್ಲ, ಹಮ್ ಅಂತಾರೆ, ಅದು ಇದೇ. 50, 100, 200 ಹೀಗೆ ಮೇಲಿನ ಸ್ಥಾಯಿಗಳೂ ಅದರಲ್ಲಿ ಕೇಳುತ್ತವೆ. ಲೆಕ್ಕ ಹಾಕಿದರೆ ಅದು ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಗೆ ಹತ್ತಿರ, ಒಂಚೂರು ಏರು. ಕರ್ನಾಟಕ ಸಂಗೀತದ ಎಷ್ಟೋ ಗಾಯಕಿಯರು ಹಿಡಿಯುವ ಶ್ರುತಿ! ಅಮೆರಿಕದಲ್ಲಾದರೆ ಕರೆಂಟು 60, ಅಲ್ಲಿಯ ಗುಂಯ್ ಬೇರೆ ಮನೆಗೆ ಹೋಗಿ ಕೂರುತ್ತದೆ. ನಮ್ಮ ಗಾಯಕಿಯೊಬ್ಬರಿಗೆ ಇದು ಹೊಳೆದು, ತಂಬೂರಿ ಬೇಡ, ಶ್ರುತಿಪೆಟ್ಟಿಗೆ ಬೇಡ, ಹಾಲಿನ ಕರೆಂಟೇ ಶ್ರುತಿ ಅಂತ ಒಂದು ಆಲಾಪನೆ ಸಿದ್ಧಮಾಡಿದ್ದರು. ಲ್ಯಾಪ್‌ಟಾಪನ್ನು ಒಂದು ಗೋಡೆಯ ಪ್ಲಗ್ಗಿಗೆ, ಮಿಕ್ಸರನ್ನು ಎದುರು ಗೋಡೆಯ ಪ್ಲಗ್ಗಿಗೆ ಹಾಕಿ, ನಡುವೆ ಸುಮಾರಾದ ಒಂದು ಉದ್ದ ವೈರ್ ಎಳೆದು, ಅರ್ಧ ದಿನ ಹೆಣಗಿ ತುಂಬು ಗುಂಯ್ ಹಿಡಿದಿದ್ದೆವು.

ಊಟ ಮುಗಿಸಿ ಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಬಾಗಿಲಲ್ಲೇ ನಿಂತಿದ್ದರು. ಮುಖ ಬೆಳಗುತ್ತಿತ್ತು.

"ಹಮ್ ಬರ್ತಿತ್ತಲ್ಲ ಮೇಡಂ? ತೆಗೆದುಬಿಟ್ಟೆ. ಅರ್ತಿಂಗ್ ಪ್ರಾಬ್ಲಮ್ಮು. ಎಲ್ಲಾನೂ ಒಂದೇ ಬೋರ್ಡಿಗೆ ಹಾಕಿದೀನಿ. ಈಗ ಕೇಳಿ!"

ಕೇಳಿದೆವು. ಏನೂ ಕೇಳಿಸಲಿಲ್ಲ. ಗಾಯಕಿ ಕುರ್ಚಿ ಹುಡುಕಿಕೊಂಡು ಕೂತರು. ಅದನ್ನು ಮತ್ತೆ ಬರಿಸಿಕೊಡಿ ಅಂತ ಎಲೆಕ್ಟ್ರಿಷಿಯನ್ನರನ್ನು ಕೇಳಿಕೊಳ್ಳುವುದು ಎಷ್ಟು ಕಷ್ಟವಾಯ್ತು ಗೊತ್ತಾ? ಇಪ್ಪತ್ತು ವರ್ಷ ಅನುಭವ ಇರುವ ಮನುಷ್ಯ. ಕೊನೆಗೆ ಮನಸ್ಸಿಲ್ಲದ ಮನಸ್ಸಿಂದ, ಯಾರಾದರೂ ನೋಡುತ್ತಿದ್ದಾರಾ ಅಂತ ಆಚೀಚೆ ಕಣ್ಣು ಹಾಯಿಸಿ, ತಮ್ಮ ಕೆಲಸ ತಾವೇ ಕೆಡಿಸಿದರು.

ಕಛೇರಿ ಶುರುವಾಯಿತು. ಕಾಲು ಗಂಟೆಗೆ ಕರೆಂಟು ಹೋಯಿತು. ಜನರೇಟರ್ ಹೊತ್ತಿಕೊಂಡಿತು. ಡೀಸೆಲ್ ಜನರೇಟರ್ ಮೇಲೆ ಹೊರೆ ಕಮ್ಮಿ ಇದ್ದರೆ ಅದು 50ಕ್ಕಿಂತ ತುಸು ಜೋರಾಗಿ ಓಡುತ್ತದೆ, ಹೊರೆ ಬಿದ್ದರೆ ನಿಧಾನವಾಗುತ್ತದೆ. ಅಂದರೆ ಶ್ರುತಿ ಮೇಲೆ ಹೋಯಿತು. ಗಾಯಕಿಯೂ ಹೋದರು, ಸಾಧಕಿ. ಅಷ್ಟರಲ್ಲಿ ಹಿಂದೆ ಅಡುಗೆಯವರು ಇಂಟರ್‌ವಲ್ ವಡೆಗೆ ರುಬ್ಬಲು ಗ್ರೈಂಡರ್ ಹಾಕಿದರು. ಶ್ರುತಿ ಸರ್ರನೆ ಇಳಿಯಿತು. ಗಾಯಕಿಯೂ ಜೊತೆಗೇ ಜಾರಿಕೊಂಡು ಬಂದರು. ಗ್ರೈಂಡರ್ ನಿಂತಿತು, ಮೇಲೆ ಹೋದರು. ಮತ್ತೆ ಹಾಕಿದರು, ಇಳಿದರು. ಮುಗಿದ ಮೇಲೆ ಸಂಗೀತ ಬಲ್ಲ ಹಿರಿಯರೊಬ್ಬರು ಬಂದು, "ನಿಮ್ಮದೆಲ್ಲ ನಂಗೆ ಅರ್ಥವಾಗಲ್ಲಮ್ಮ. ಆದ್ರೆ ಆ ಜಾರು ಇತ್ತಲ್ಲ, ಅದು ಅಪರೂಪದ್ದು. ಯಾರ ಹತ್ರ ಪಾಠ?" ಅಂದರು. ಅಡುಗೆ ಭಟ್ಟರ ಹೆಸರು ಹೇಳೋದಾ ಬೇಡ್ವಾ ಅಂತ ಗಾಯಕಿ ನನ್ನ ಮುಖ ನೋಡಿದರು.

ಆಮೇಲೆ ಥೆರಮಿನ್. ರಷ್ಯಾದ ಲಿಯೊನ್ ಥೆರಮಿನ್ ಸುಮಾರು 1920ರಲ್ಲಿ ಮಾಡಿದ ವಾದ್ಯ. ಮುಟ್ಟದೆ ನುಡಿಸಬೇಕು. ಎರಡು ಆಂಟೆನಾ ಇರುತ್ತವೆ. ಒಂದರ ಹತ್ತಿರ ಕೈ ತಂದರೆ ಸ್ವರ ಏರುತ್ತದೆ, ಇನ್ನೊಂದರಲ್ಲಿ ಸದ್ದು ಜಾಸ್ತಿ ಕಮ್ಮಿ ಮಾಡುವುದು. ಮೈಯಲ್ಲಿರುವ ವಿದ್ಯುತ್ ಗುಣವೇ ಇಲ್ಲಿ ತಂತಿಯ ಕೆಲಸ ಮಾಡುತ್ತದೆ. ಹಾಗಾಗಿ ಹತ್ತಿರ ಯಾರೂ ಸುಳಿಯಬಾರದು. ಹಾಲಿನ ಮ್ಯಾನೇಜರಿಗೆ ಇದನ್ನೆಲ್ಲ ಹೇಳಿದ್ದೆವು. "ಮುಟ್ಟಬಾರ್ದು, ಅಷ್ಟೇ ತಾನೆ? ಮಡಿ" ಅಂದರು. ಹೊಸ ಯಂತ್ರ ಬೋಣಿ ಇಲ್ಲದೆ ಶುರುವಾಗುತ್ತಿದೆಯಲ್ಲ ಅಂತ ಮರುಗಿ, ನಾವು ನೋಡದಿದ್ದಾಗ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ನಿಂತಿರುವ ಆಂಟೆನಾಗೆ ನೀರು ಚಿಮುಕಿಸಿದ ಸೇವಂತಿಗೆ ಹಾರ ಹಾಕಿದ್ದರು. ಒದ್ದೆ ಹೂವು ಸೇರಿ ಶ್ರುತಿಯೆಲ್ಲ ಕೆಟ್ಟಿತ್ತು. ತೆಗೆಯೋಣ ಅಂದರೆ, "ಏರಿಸಿದ್ದನ್ನ ಇಳಿಸಬಾರ್ದು ಮೇಡಂ, ಪೂಜೆ ಆಗಿಹೋಗಿದೆ." ಹಾರದ ಸಮೇತ ಶ್ರುತಿ ಮಾಡಿಕೊಂಡದ್ದಾಯ್ತು.

ನುಡಿಸಾಣಿಕೆ ಅರ್ಧಕ್ಕೆ ಬಂದಾಗ ಮುಖ್ಯ ಅತಿಥಿಗಳು ಎದ್ದರು. ನಮಗೆ ಮುಖ್ಯ ಅತಿಥಿ ಯಾಕೆ ಅನ್ನಬೇಡಿ, ಹಾಲ್ ರಿಯಾಯಿತಿಯಲ್ಲಿ ಸಿಕ್ಕಿದ್ದು ಅವರಿಂದ. "ನಂಗೆ ಇನ್ನೊಂದು ಕಾರ್ಯಕ್ರಮ ಇದೆ, ಸನ್ಮಾನ ಈಗ್ಲೇ ಮಾಡಿಬಿಡ್ತೀನಿ" ಅಂದು ಶಾಲು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಹತ್ತಿದರು. ಆಸಾಮಿ ಗಾತ್ರದಲ್ಲೂ ದೊಡ್ಡವರು. ಎರಡು ಹೆಜ್ಜೆ ಇಟ್ಟರು, ಯಂತ್ರ ಊಂಯ್ ಅಂತ ಏರಿತು. ಗಾಬರಿಯಾಗಿ ಹಿಂದೆ ಬಂದರು, ಇಳಿಯಿತು. ಸಭೆ ಚಪ್ಪಾಳೆ ತಟ್ಟಿತು. ಅವರು ನಿಂತು ಯೋಚಿಸಿದರು. ಶಾಲನ್ನು ಹೆಗಲಿಗೆ ಹಾಕಿಕೊಂಡು ಬಲಗಾಲು ಮಾತ್ರ ಮುಂದಿಟ್ಟರು. ಊಂ. ಹಣ್ಣಿನ ಬುಟ್ಟಿ ಮುಂದೆ ಚಾಚಿದರು. ಊಂಊಂ. ಮುಂದಿನ ಹತ್ತು ನಿಮಿಷ ನಮ್ಮ ಕಲಾವಿದ ಕೈಕಟ್ಟಿ ನಿಂತಿದ್ದ. 1922ರಲ್ಲಿ ಥೆರಮಿನ್ ಇದನ್ನು ಲೆನಿನ್‌ಗೆ ತೋರಿಸಿದಾಗ ಲೆನಿನ್ ಕೂಡ ಕೈಯಾಡಿಸಿ ನೋಡಿದ್ದನಂತೆ. ರಾಜಕೀಯದವರಿಗೂ ಈ ವಾದ್ಯಕ್ಕೂ ಏನೋ ಋಣಾನುಬಂಧ ಇದೆ. ಅವರ ಇನ್ನೊಂದು ಕಾರ್ಯಕ್ರಮದಿಂದ ಫೋನ್ ಬರುತ್ತಲೇ ಇತ್ತು.

ಇದೆಲ್ಲ ಫಾರಿನ್ ಕಾಯಿಲೆ ಅನ್ನುವವರೂ ಸಿಗುತ್ತಾರೆ. ಅವರಿಗೆ ನಾನು ಅಹಮದಾಬಾದಿನ ಕಥೆ ಹೇಳುತ್ತೇನೆ. 1969ರಲ್ಲೇ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂದಿತ್ತು. ಸ್ಟುಡಿಯೊ ಕಟ್ಟಿಕೊಟ್ಟವನು ಅಮೆರಿಕದ ಪಿಯಾನೊ ವಾದಕ ಡೇವಿಡ್ ಟ್ಯೂಡರ್. ಅದಕ್ಕೂ ಮುಂಚೆ, 1946ರಲ್ಲಿ, ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತದ ಪರಿಚಯ ಮಾಡಿಕೊಟ್ಟವರು ಅದೇ ಊರಿನ ಗೀತಾ ಸಾರಾಭಾಯಿ. ಆ ಕೇಜ್ ಬರೆದ ಮೌನದ ಕೃತಿಯನ್ನು, ಅಂದರೆ ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಒಂದು ಸ್ವರವನ್ನೂ ನುಡಿಸದೆ ಕೂರುವುದನ್ನು, 29 ಆಗಸ್ಟ್ 1952ರಂದು ಮೊದಲು ನುಡಿಸಿದ್ದು, ಅಥವಾ ನುಡಿಸದೆ ಇದ್ದದ್ದು, ಇದೇ ಟ್ಯೂಡರ್. ಅಮೆರಿಕದ ಆ ಸಭಾಂಗಣದಲ್ಲಿ ಗಾಳಿ, ಮಳೆಹನಿ, ಜನ ಗೊಣಗುತ್ತಾ ಎದ್ದು ಹೋಗುವ ಸದ್ದು ಕೇಳಿಸಿತಂತೆ.

ನಾವೂ ಆ ಕೃತಿ ಇಟ್ಟುಕೊಂಡಿದ್ದೆವು. ನಮ್ಮಲ್ಲಿ ಜನ ಎದ್ದು ಹೋಗುವಷ್ಟು ಕಲ್ಲು ಮನಸ್ಸಿನವರಲ್ಲ. ಕಲಾವಿದೆ ಕೀಬೋರ್ಡಿನ ಮುಂದೆ ಕೈ ಮಡಚಿ ಕೂತು ಒಂದು ನಿಮಿಷವೂ ಆಗಿರಲಿಲ್ಲ, ಸೌಂಡಿನವರು ವೇದಿಕೆಗೆ ಓಡಿ ಬಂದು ಮೈಕ್ ತಟ್ಟಿದರು. "ಹಲೋ, ಚೆಕ್, ಚೆಕ್." ಮೈಕ್ ಸರಿ ಇದೆ ಅಂತ ಗೊತ್ತಾದ ಮೇಲೆ ಸಭೆಗೆ ನಿಜಸ್ಥಿತಿ ಅರ್ಥವಾಯಿತು. ಪಾಪ, ಹುಡುಗಿಗೆ ಮರೆತುಹೋಗಿದೆ. "ಪರ್ವಾಗಿಲ್ಲ ಪುಟ್ಟಿ, ನೆನಪಾಗೋ ತನಕ ನಾನೊಂದು ದೇವರನಾಮ ಹೇಳ್ತೀನಿ" ಅಂತ ನಲ್ಲಿ ಹುಡುಕಿದ್ದ ಅಜ್ಜಿಯೇ ಎದ್ದರು. ಚೆನ್ನಾಗಿ ಹಾಡಿದರು. ಠಾಣೆಯಲ್ಲಿ ಬರೆಸಿದ ಮಾತೂ ಉಳಿಯಿತು.

ನನಗೆ ಈ ಜನರ ಮೇಲೆ ಸಿಟ್ಟಿಲ್ಲ. ಬೆಂಗಳೂರಿನ ಕಿವಿಗೆ ಅಭ್ಯಾಸವೇ ಹಾಗೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಕಛೇರಿಗಳಿಗೆ ಹೋದವರಿಗೆ ಗೊತ್ತು. 1939ರಿಂದ ನಡೆದುಬಂದ ಉತ್ಸವ ಅದು. ಆಚೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಈಚೆ ಪೆಂಡಾಲಿನಲ್ಲಿ ಕೂತವರು ಬಸ್ಸನ್ನು ಬದಿಗಿಟ್ಟು ತೋಡಿ ರಾಗವನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಅದೊಂದು ದೊಡ್ಡ ವಿದ್ಯೆ. ನಾವು ಬಂದು, ಬಸ್ಸನ್ನೂ ಒಂಚೂರು ಕೇಳಿ ಅಂದರೆ ಅವರಾದರೂ ಏನು ಮಾಡಬೇಕು?

ಮಾರನೇ ದಿನ ಲೆಕ್ಕ. ಮ್ಯಾನೇಜರ್ ಗೆರೆ ಹಾಳೆಯಲ್ಲಿ ನೀಟಾಗಿ ಬರೆದಿದ್ದರು. ಹಾಲ್ ಬಾಡಿಗೆ, ಡೀಸೆಲ್, ಕ್ಲೀನಿಂಗ್. ಯಂತ್ರಕ್ಕೆ ಹಾರ, 120. ದೇವರನಾಮ ಹೇಳಿದವರಿಗೆ ತಾಂಬೂಲ, 50. ಕೆಳಗೆ ಎಲೆಕ್ಟ್ರಿಷಿಯನ್ ಬೇರೆ ಅಕ್ಷರದಲ್ಲಿ ಎರಡು ಸಾಲು ಸೇರಿಸಿದ್ದರು. ಹಮ್ ತೆಗೆದಿದ್ದು, 300. ಹಮ್ ವಾಪಸ್ ಹಾಕಿದ್ದು, 500.

"ವಾಪಸ್ ಹಾಕಿದ್ದಕ್ಕೆ ಜಾಸ್ತಿ ಯಾಕಣ್ಣ?" ಅಂದೆ.

"ತೆಗೆಯೋದು ಯಾರು ಬೇಕಾದ್ರೂ ತೆಗೀತಾರೆ ಮೇಡಂ" ಅಂದರು. "ಇನ್ನೊಂದು ಮಾತು. ಮುಂದಿನ ವರ್ಷಕ್ಕೆ ಬೇಕೂಂದ್ರೆ ಇದಕ್ಕಿಂತ ಜೋರಾಗಿ ಬರೋ ಹಾಗೆ ಮಾಡಿಕೊಡ್ತೀನಿ. ಒಂದು ಹಳೇ ಟ್ಯೂಬ್‌ಲೈಟ್ ಚೋಕ್ ಇದೆ ಮನೇಲಿ."