ದೊಂಗ್‌ಮ್ಯೊ ಈಗ ಕೊರಿಯನ್ನರದೇ ಗುಡಿ

ಸೋಲ್ ನಗರದ ದೊಂಗ್‌ಮ್ಯೊ ಗುಡಿಯ ಬಗ್ಗೆ ಒಂದು ತಕರಾರು ಇದೆ. ಚೀನಾದ ಸೇನಾಪತಿ ಗುವಾನ್ ಯುಗೆ ಕೊರಿಯಾದಲ್ಲಿ ಯಾಕೆ ಪೂಜೆ? ದೊಡ್ಡ ದೇಶಕ್ಕೆ ತಲೆಬಾಗಿದ ಗುರುತಲ್ವಾ ಅದು? ನಾನು ಇದನ್ನು ಒಪ್ಪುವುದಿಲ್ಲ. ಆದರೆ ಆ ಸಿಟ್ಟು ಸುಮ್ನೆ ಬಂದದ್ದೂ ಅಲ್ಲ.

1592ರಲ್ಲಿ ಜಪಾನಿನ ಸೈನ್ಯ ಕೊರಿಯಾದ ಮೇಲೆ ಬಿತ್ತು. 1598ರವರೆಗೂ ಆ ಗೋಳು ಮುಗಿಯಲಿಲ್ಲ. ನೆರವಿಗೆ ಬಂದ ಮಿಂಗ್ ಚೀನಾದ ಸೈನಿಕರಿಗೆ ಗುವಾನ್ ಯು ಅಂದರೆ ದೇವರು. ಕ್ರಿ.ಶ. 220ರಲ್ಲಿ ಶತ್ರುಗಳ ಕೈಗೆ ಸಿಕ್ಕಿ ಸತ್ತ ವೀರ ಅವನು. ಯುದ್ಧದಲ್ಲಿ ಅವನೇ ಕಾಣಿಸಿಕೊಂಡು ಕಾಪಾಡಿದ ಅಂತ ಸುದ್ದಿ ಹಬ್ಬಿತು. ಮಿಂಗ್ ಚಕ್ರವರ್ತಿ ವಾನ್‌ಲಿ ದುಡ್ಡು ಕಳಿಸಿದ. 1599ರಲ್ಲಿ ಶುರುವಾದ ಗುಡಿ 1601ಕ್ಕೆ ಎದ್ದು ನಿಂತಿತು.

ಆಗ ಊರಿನ ಸ್ಥಿತಿ ಹೇಗಿತ್ತು? ಗ್ಯೊಂಗ್‌ಬೊಕ್ ಅರಮನೆ 1592ರಲ್ಲೇ ಸುಟ್ಟು ಬೂದಿಯಾಗಿತ್ತು. ಅದನ್ನು ಮತ್ತೆ ಕಟ್ಟಿದ್ದು 1860ರ ದಶಕದಲ್ಲಿ. ಸ್ವಂತ ರಾಜನಿಗೇ ಸರಿಯಾದ ಸೂರಿಲ್ಲ, ಜನ ಸೋತು ಸುಣ್ಣವಾಗಿದ್ದಾರೆ, ಅಂಥದ್ದರಲ್ಲಿ ಹೊರಗಿನ ದೇವರಿಗೆ ಗುಡಿ! ಸಮುದ್ರದಲ್ಲಿ ಜಪಾನಿಯರ ಸೊಕ್ಕು ಮುರಿದು ಪ್ರಾಣ ಕೊಟ್ಟವನು ಕೊರಿಯಾದ್ದೇ ನೌಕಾ ಸೇನಾಪತಿ ಯಿ ಸುನ್‌ಶಿನ್. ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1644ರಲ್ಲಿ ಮಿಂಗರ ಆಳ್ವಿಕೆಯೇ ಹೋಯಿತು. ಅವರ ಒತ್ತಾಯವೂ ಹೋಯಿತು. ಆಮೇಲೂ ಕೊರಿಯಾದ ಸುಕ್‌ಜೊಂಗ್ ರಾಜ ತಾನಾಗಿ ಇಲ್ಲಿಗೆ ಬಂದು ನಮಸ್ಕರಿಸಿದ. ರಾಜರಿಗಿಂತ ಜಾಸ್ತಿ ಗುವಾನ್ ಯುವನ್ನು ಹಚ್ಚಿಕೊಂಡವರು ದೇವರು ಮೈಮೇಲೆ ಬರುವ ಅಲ್ಲಿನ ಹೆಂಗಸರು. 1882ರ ಸೈನಿಕರ ದಂಗೆಯಲ್ಲಿ ರಾಣಿ ಅರಮನೆ ಬಿಟ್ಟು ಓಡಿದಳು. ನೀನು ಮತ್ತೆ ಅರಮನೆಗೆ ಹೋಗುತ್ತೀಯ ಅಂತ ಅಂಥ ಒಬ್ಬಳು ಹೇಳಿದಳಂತೆ, ಹಾಗೇ ಆಯಿತು. ಮರುವರ್ಷವೇ ಗುವಾನ್ ಯುಗೆ ಇನ್ನೊಂದು ಗುಡಿ ಎದ್ದಿತು. ಈ ಸಲ ಚೀನಾದ ಚಕ್ರವರ್ತಿ ಹೇಳಿ ಕಟ್ಟಿಸಿದ್ದಲ್ಲ. ಮೂರು ಶತಮಾನ ಕಷ್ಟಕ್ಕೆ ಹರಕೆ ಹೊತ್ತವರ ದೇವರನ್ನು ಪರದೇಶಿ ಅನ್ನುವುದು ಹೇಗೆ?

ಕಟ್ಟಡವನ್ನೇ ನೋಡಿ. ಕೊರಿಯಾದ ಹಳೆಯ ಗುಡಿಗಳಲ್ಲಿ ಮರದ ಕಂಬಗಳ ನಡುವೆ ಮಣ್ಣಿನ ಗೋಡೆ ಇರುವುದೇ ಹೆಚ್ಚು. ಇಲ್ಲಿ ಪಕ್ಕಕ್ಕೂ ಹಿಂದಕ್ಕೂ ದಪ್ಪ ಇಟ್ಟಿಗೆಯ ಗೋಡೆ, ಚೀನಾದ ರೀತಿಯದು. ಮುಂದಿನ ಹಜಾರ ಮತ್ತು ಗರ್ಭಗುಡಿ ಒಂದಕ್ಕೊಂದು ಕೂಡಿಕೊಂಡಿವೆ. ಇಂಥದ್ದನ್ನು ಕಳೆದುಕೊಂಡರೆ ಮತ್ತೆ ಸಿಗುತ್ತದಾ? ಸರ್ಕಾರ 1963ರಲ್ಲೇ ಇದನ್ನು ಕಾಪಾಡಬೇಕಾದ ‘ನಿಧಿ’ ಅಂತ ಪಟ್ಟಿಗೆ ಸೇರಿಸಿದೆ, ಒಳ್ಳೆಯ ಕೆಲಸ.

ಗೋಡೆಯಾಚೆ ಹಳೇ ಸಾಮಾನಿನ ಸಂತೆ. ನೆಲದ ಮೇಲೆ ಗುಡ್ಡೆ ಹಾಕಿದ ಕೋಟುಗಳು, ಕೈಗಡಿಯಾರ, ಗ್ರಾಮಫೋನ್ ತಟ್ಟೆ. ಸೋಲ್‌ನಲ್ಲಿರುವ ಕನ್ನಡದ ಹುಡುಗ ಹುಡುಗಿಯರೇ, ಅಲ್ಲಿಗೆ ಚೌಕಾಸಿ ಮಾಡಲು ಹೋದರೆ ಗುಡಿಯೊಳಗೂ ಒಂದು ಸುತ್ತು ಹಾಕಿ. ಮೆಟ್ರೋದ 1 ಮತ್ತು 6ನೇ ಲೈನ್ ಎರಡೂ ಅಲ್ಲಿ ನಿಲ್ಲುತ್ತವೆ. ಮೂರ್ತಿ ಮಾತ್ರ ನೋಡಿ ವಾಪಸ್ ಬರಬೇಡಿ, ಹಿಂಬದಿಯ ಇಟ್ಟಿಗೆ ಗೋಡೆಯನ್ನೂ ನೋಡಿ.